ಸಭಾಷ್ಯ ಮಡಿಚುಮಂಚ ಮೀಮಾಂಸೆ

ಪೀಠಿಕೆ

ಮಲಗುವುದು ಸುಲಭ, ಮಲಗುವ ಜಾಗವನ್ನು ಜೊತೆಯಲ್ಲೇ ಒಯ್ಯುವುದು ಕಷ್ಟ. ಈ ಕಷ್ಟದ ನಿವಾರಣೆಗಾಗಿಯೇ ಈ ಗ್ರಂಥ ಹುಟ್ಟಿದೆ. ಪುಟ ಕಡಿಮೆಯಿರುವುದನ್ನು ಕಂಡು ಇದನ್ನು ಗ್ರಂಥವಲ್ಲ ಎನ್ನುವವರು, ವಿಷಯಕ್ಕೆ ತಕ್ಕಂತೆ ಇದನ್ನೂ ಮಡಿಚಿಡಲಾಗಿದೆ ಎಂಬುದನ್ನು ಗಮನಿಸತಕ್ಕದ್ದು.

ಶಾಸ್ತ್ರವೆನಿಸಿಕೊಳ್ಳಬೇಕಾದರೆ ಮೊದಲು ಅನುಬಂಧ ಚತುಷ್ಟಯ ಹೇಳಬೇಕು. ವಿಷಯ: ಕಾರಿನಲ್ಲಿ ಒಯ್ದು, ಗುಡಾರದೊಳಗೆ ಬಿಡಿಸಿ, ಬೆಳಗ್ಗೆ ಮಡಿಚಿ ತರಬಹುದಾದ ಮಂಚ. ಪ್ರಯೋಜನ: ಮಲೆನಾಡಿನ ಒದ್ದೆ ನೆಲ, ಚೂಪುಗಲ್ಲು ಮತ್ತು ಇಂಬಳಗಳಿಂದ ಬೆನ್ನಿಗೆ ಬಿಡುಗಡೆ. ಸಂಬಂಧ: ಹಗಲು ಡಿಕ್ಕಿ ಆಧಾರ, ಮಂಚ ಆಧೇಯ, ರಾತ್ರಿ ಮಂಚ ಆಧಾರ, ಮನುಷ್ಯ ಆಧೇಯ. ಅಧಿಕಾರಿ: ಸ್ವಂತ ಕಾರು ಮತ್ತು ಸ್ವಂತ ಸೊಂಟನೋವು ಎರಡೂ ಉಳ್ಳವನು. ಕಾರಿನ ಕಂತು ತೀರಿದ್ದರೆ ಉತ್ತಮಾಧಿಕಾರಿ, ತೀರದಿದ್ದರೆ ಮಧ್ಯಮಾಧಿಕಾರಿ, ಭಾವನ ಕಾರು ಕೇಳಿ ತಂದವನು ಮಂದಾಧಿಕಾರಿ. ಶುಕ್ರವಾರ ಸಂಜೆ ಬೆಂಗಳೂರು ಬಿಟ್ಟು ನೆಲಮಂಗಲ ದಾಟುವುದರೊಳಗೇ ಆಕಳಿಸಿದವನಿಗೆ ಬೇರೆ ಅರ್ಹತೆ ಬೇಕಿಲ್ಲ.

ಪೂರ್ವಪರಂಪರೆ

ಮಡಿಚುಮಂಚಗಳಲ್ಲಿ ಆದ್ಯವಾದುದು ಆದಿಶೇಷ. ಸುತ್ತಿಕೊಂಡರೆ ಹಾಸಿಗೆ, ಹೆಡೆ ಬಿಚ್ಚಿದರೆ ಕೊಡೆ. ನೀರಿನ ಮೇಲೂ ನಿಲ್ಲುತ್ತದೆ. ಒಂದು ಕೀಲೂ ಇಲ್ಲದೆ ಇಷ್ಟು ಬಾಗುವ ಸಾಮಗ್ರಿ ಇಂದಿಗೂ ಪೇಟೆಗೆ ಬಂದಿಲ್ಲ. ಆದರೆ ಅದು ಒಬ್ಬನೇ ಗಿರಾಕಿಗೆಂದು ಮಾಡಿದ್ದು.

ಎರಡನೆಯದು ಭೀಷ್ಮನ ಶರಶಯ್ಯೆ. ಬಯಲಿನಲ್ಲಿ, ಪಾಳೆಯದ ಪಕ್ಕದಲ್ಲಿ, ಕೈಗೆ ಸಿಕ್ಕ ಸಾಮಗ್ರಿಯಿಂದಲೇ ಎದ್ದ ಮಂಚವಾದ್ದರಿಂದ ಕ್ಯಾಂಪಿಂಗ್ ಮಂಚದ ವ್ಯಾಖ್ಯೆಗೆ ಇದು ಪೂರ್ತಿ ಒಪ್ಪುತ್ತದೆ. ದಿಂಬಿಲ್ಲವೆಂಬ ಮಾತು ಬಂದೊಡನೆ ಅರ್ಜುನ ಮೂರು ಬಾಣ ನೆಟ್ಟು ಸ್ಥಳದಲ್ಲೇ ದಿಂಬು ಒದಗಿಸಿದ. ಮಹಾಭಾರತದ ಲೆಕ್ಕದಂತೆ ಭೀಷ್ಮ ಅದರ ಮೇಲೆ 58 ರಾತ್ರಿ ಕಳೆದ. ಯಾವ ಕಂಪನಿಯೂ ತನ್ನ ಮಂಚಕ್ಕೆ ಇಂಥ ಪರೀಕ್ಷೆ ಮಾಡಿಸಿಲ್ಲ. ಮಾಡಿಸಿದರೂ ಮಲಗಲು ಜನ ಸಿಗಲಾರರು.

6ನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಮಳೆ, ಗ್ರಹಣ, ಭೂಕಂಪಗಳ ಸಾಲಿನಲ್ಲೇ ಮಂಚಕ್ಕೂ ಒಂದು ಅಧ್ಯಾಯ ಕೊಟ್ಟಿದ್ದಾನೆ. ರಾಜನ ಮಂಚ 100 ಅಂಗುಲ, ರಾಜಕುಮಾರನದು 90, ಮಂತ್ರಿಯದು 84, ಸೇನಾಪತಿಯದು 78, ಪುರೋಹಿತನದು 72. ಅಂಗುಲವೆಂದರೆ ಮುಕ್ಕಾಲು ಇಂಚೆಂದು ಹಿಡಿದರೆ ರಾಜನಿಗೆ ಆರೂಕಾಲು ಅಡಿ, ಪುರೋಹಿತನಿಗೆ ನಾಲ್ಕೂವರೆ ಅಡಿ. ಮಂಚದ ಬದಲು ಮಲಗುವವನನ್ನೇ ಮಡಿಚುವ ತಂತ್ರ ನಮ್ಮಲ್ಲಿ ಆಗಲೇ ಇತ್ತೆಂಬುದು ಇದರಿಂದ ಸಿದ್ಧವಾಗುತ್ತದೆ. ಸಿಡಿಲು ಬಡಿದ ಮರ, ಆನೆ ಕೆಡವಿದ ಮರ ಮಂಚಕ್ಕೆ ಸಲ್ಲವೆಂದೂ ಅವನು ವಿಧಿಸಿದ್ದಾನೆ. ಈ ನಿಯಮವನ್ನು ಸಕಲೇಶಪುರದಲ್ಲಿ ಪಾಲಿಸಹೊರಟರೆ ಪ್ರತಿ ಮರಕ್ಕೂ ಆನೆಯಿಂದ ನಿರಾಕ್ಷೇಪಣಾ ಪತ್ರ ತರಬೇಕಾದೀತು. ಆದ್ದರಿಂದ ಪ್ರಸ್ತುತ ಶಾಸ್ತ್ರಕಾರನು ಕಬ್ಬಿಣದ ಪೈಪಿನ ಪಕ್ಷಪಾತಿ.

ಹೊರನಾಡಿನ ಪ್ರಮಾಣಗಳೂ ಇವೆ. 1922ರಲ್ಲಿ ಹೋವರ್ಡ್ ಕಾರ್ಟರ್ ಪತ್ತೆ ಮಾಡಿದ ತುತನ್‌ಖಾಮನ್ ಸಮಾಧಿಯಲ್ಲಿ ಸಿಕ್ಕ ಮಂಚಗಳಲ್ಲಿ ಒಂದು ಮೂರು ಮಡಿಕೆಯದು, ಲೋಹದ ಕೀಲುಗಳುಳ್ಳದ್ದು. ಪರಲೋಕದ ದಾರಿಯಲ್ಲೂ ಸಾಮಾನಿಗೆ ಜಾಗ ಸಾಲದೆಂಬ ಮುಂದಾಲೋಚನೆ 3,300 ವರ್ಷಗಳ ಹಿಂದೆಯೇ ಇತ್ತು. ನೆಪೋಲಿಯನ್ ದಂಡಯಾತ್ರೆಗೆ ಹೊರಟಾಗ ಮಡಿಚುವ ಕಬ್ಬಿಣದ ಮಂಚ ಹಿಂದೆಯೇ ಹೋಗುತ್ತಿತ್ತು. 1821ರ ಮೇ 5ರಂದು ಸೇಂಟ್ ಹೆಲೆನಾ ದ್ವೀಪದಲ್ಲಿ ಅವನು ಕೊನೆಯುಸಿರೆಳೆದದ್ದೂ ಅಂಥದೇ ಮಂಚದ ಮೇಲೆ.

ಈ ಪರಂಪರೆಯಲ್ಲೊಂದು ಸಮಾನಾಂಶವಿದೆ. ಇವರಲ್ಲಿ ಒಬ್ಬನೂ ಬೆಳಗ್ಗೆ ಎದ್ದು ತನ್ನ ಮಂಚವನ್ನು ತಾನು ಮಡಿಚಲಿಲ್ಲ. ವಿಷ್ಣುವಿನ ಮಂಚ ತಾನೇ ಸುತ್ತಿಕೊಳ್ಳುತ್ತದೆ. ಭೀಷ್ಮ ಏಳಲೇ ಇಲ್ಲ. ಉಳಿದಿಬ್ಬರಿಗೆ ಆಳುಗಳಿದ್ದರು. ಶಯನಶಾಸ್ತ್ರದ ಮೂಲ ಸಮಸ್ಯೆ ಇಷ್ಟು ಕಾಲ ಯಾರ ಕಣ್ಣಿಗೂ ಬೀಳದಿದ್ದುದಕ್ಕೆ ಇದೇ ಕಾರಣ.

ಮತತ್ರಯ

ಕಾರಿಗೂ ಮಂಚಕ್ಕೂ ಇರುವ ಸಂಬಂಧದ ಬಗ್ಗೆ ಮೂರು ಮತಗಳು ಪ್ರಚಲಿತವಾಗಿವೆ.

ಅದ್ವೈತಿಗಳ ಪ್ರಕಾರ ಸೀಟೇ ಮಂಚ. ಭೇದವೆಂಬುದು ಲಿವರ್ ಎಳೆಯುವವರೆಗಿನ ಭ್ರಮೆ. ಮುಂದಿನ ಸೀಟನ್ನು ಹಿಂದಕ್ಕೆ ಒರಗಿಸಿದೊಡನೆ ಎರಡೂ ಒಂದಾಗುತ್ತವೆ. ಸಿದ್ಧಾಂತ ಉದಾತ್ತವಾದದ್ದೇ. ಆದರೆ ಸೀಟಿನ ಬೆನ್ನಿಗೂ ಕೂರುವ ಭಾಗಕ್ಕೂ ನಡುವೆ ಉಳಿಯುವ ತಗ್ಗು ವ್ಯಾವಹಾರಿಕ ಸತ್ಯವಾಗಿ ರಾತ್ರಿಯಿಡೀ ಸೊಂಟಕ್ಕೆ ಗೋಚರಿಸುತ್ತದೆ. ಸೆಕೆಯೆಂದು ಎಂಜಿನ್ ಚಾಲೂ ಇಟ್ಟು ಎ.ಸಿ. ಹಾಕಿ ಮಲಗುವವರಿಗೆ ಕಾರ್ಬನ್ ಮೊನಾಕ್ಸೈಡ್ ಒಳಸೇರಿ ನೇರವಾಗಿ ಮೋಕ್ಷವೇ ದೊರಕುವ ಅಪಾಯವಿದೆ. ಈ ಒಂದು ವಾಕ್ಯವನ್ನು ಮಾತ್ರ ಅಣಕವೆಂದು ತಿಳಿಯಬಾರದು.

ವಿಶಿಷ್ಟಾದ್ವೈತಿಗಳು ಮಂಚವನ್ನು ಕಾರಿನ ಶರೀರವೆನ್ನುತ್ತಾರೆ. ಹಿಂದಿನ ಸೀಟು ಮಡಿಚಿ, ಅದರ ಮೇಲೆ ಹಲಗೆ ಕೂರಿಸಿ, ಕಾರಿನೊಳಗೇ ಇಬ್ಬರು ಮಲಗುವ ಏರ್ಪಾಡು ಇವರದು. ಗಟ್ಟಿಯಾದ ಮತವೇ. ಆದರೆ ಹಿಂದಿನ ಸೀಟು ಹೋದ ಮೇಲೆ ಮಕ್ಕಳಿಗೆ ಶರಣಾಗತಿಯೊಂದೇ ದಾರಿ. ಅದೂ ಸರ್ಕಾರಿ ಬಸ್ಸಿಗೆ.

ದ್ವೈತಿಗಳು ಪಂಚಭೇದವನ್ನು ಒಪ್ಪುತ್ತಾರೆ. ಕಾರಿಗೂ ಮಂಚಕ್ಕೂ ಭೇದ; ಕಾರಿಗೂ ಮಲಗುವವನಿಗೂ ಭೇದ; ಮಂಚಕ್ಕೂ ಮಲಗುವವನಿಗೂ ಭೇದ; ಮಂಚಕ್ಕೂ ಮಂಚಕ್ಕೂ ಭೇದ; ಮಲಗುವವನಿಗೂ ಮಲಗುವವಳಿಗೂ, ವಿಶೇಷವಾಗಿ ಹೊದಿಕೆಯ ವಿಚಾರದಲ್ಲಿ, ಭೇದ. ಪ್ರಸ್ತುತ ಗ್ರಂಥ ಈ ಮತದ್ದು. ಮುಂದಿನ ಸೂತ್ರಗಳನ್ನು ಅದರಂತೆಯೇ ಓದಿಕೊಳ್ಳಬೇಕು.

ಸೂತ್ರ 1: ಮಡಿಚಿದ್ದು ಕುಗ್ಗದು.

ಭಾಷ್ಯ: ಮಡಿಚಿದಾಗ ಉದ್ದ ಕಡಿಮೆಯಾಗುತ್ತದೆ, ದಪ್ಪ ಹೆಚ್ಚುತ್ತದೆ, ವಸ್ತು ಎಲ್ಲಿಗೂ ಹೋಗುವುದಿಲ್ಲ. 190 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಮಂಚವನ್ನು ಮೂರು ಮಡಿಕೆ ಮಾಡಿ, ಕಾಲುಗಳೂ ಸೇರಿ 20 ಸೆಂಟಿಮೀಟರ್ ದಪ್ಪವಾಯಿತೆನ್ನಿ. ಆಗ ಅದರ ಗಾತ್ರ ಸುಮಾರು 75 ಲೀಟರ್. ನಾಲ್ವರ ಸಂಸಾರಕ್ಕೆ 300 ಲೀಟರ್. ಈಗಿನ ವ್ಯಾಗನ್ ಆರ್ ಕಾರಿನ ಡಿಕ್ಕಿ 341 ಲೀಟರಿನದು. ಉಳಿದ 41 ಲೀಟರಿನಲ್ಲಿ 20 ಲೀಟರಿನ ನೀರಿನ ಕ್ಯಾನು, 5 ಲೀಟರಿನ ಕುಕ್ಕರು, ಗ್ಯಾಸ್ ಒಲೆ, ಬಟ್ಟೆಯ ಚೀಲಗಳು, ಪುಳಿಯೋಗರೆ ಗೊಜ್ಜು ಮತ್ತು ಚಕ್ಕುಲಿ ಡಬ್ಬ ಹೋಗಬೇಕು. ಗುಡಾರ ಹೊರಗೇ ಉಳಿದದ್ದು ಡಿಕ್ಕಿ ಮುಚ್ಚಿದ ಮೇಲೆ ಕಾಣಿಸುತ್ತದೆ. ಸಾಲದ್ದಕ್ಕೆ ಲೀಟರಿನ ಲೆಕ್ಕ ಹರಿಯುವ ವಸ್ತುವಿಗೆ ಸರಿ, ಮಂಚ ಹರಿಯುವುದಿಲ್ಲ.

ನಮ್ಮ ಅನೇಕ ಕಾರುಗಳ ಡಿಕ್ಕಿ ಯಾಕೆ ಇಷ್ಟು ಚಿಕ್ಕದು ಎಂದರೆ, 2006ರ ಕೇಂದ್ರ ಬಜೆಟ್ಟನ್ನು ತೆರೆಯಬೇಕು. ನಾಲ್ಕು ಮೀಟರ್ ಮೀರದ, ಚಿಕ್ಕ ಎಂಜಿನ್ನಿನ ಕಾರುಗಳ ಉತ್ಪಾದನಾ ಸುಂಕ ಆ ವರ್ಷ ಶೇಕಡ 24ರಿಂದ 16ಕ್ಕೆ ಇಳಿಯಿತು. ಮೂತಿ ಕತ್ತರಿಸಿದರೆ ಎಂಜಿನ್ ಹೊರಬೀಳುತ್ತದೆ, ನಡು ಕತ್ತರಿಸಿದರೆ ಗಿರಾಕಿ ಹೊರಬೀಳುತ್ತಾನೆ. ಆದ್ದರಿಂದ ಬಾಲಕ್ಕೇ ಕತ್ತರಿ ಬಿತ್ತು. ನಮ್ಮ ಶಯನಶಾಸ್ತ್ರದ ಅಳತೆಗಳನ್ನು ನಿರ್ಧರಿಸಿದವರಲ್ಲಿ ವರಾಹಮಿಹಿರನ ನಂತರದ ಹೆಸರು ಹಣಕಾಸು ಸಚಿವಾಲಯದ್ದು.

ಸೂತ್ರ 2: ಕೀಲಿದ್ದಲ್ಲಿ ಕಾಲು.

ಭಾಷ್ಯ: ಎರಡು ತುದಿಗೆ ಮಾತ್ರ ಆಸರೆಯಿದ್ದು, ಉದ್ದಕ್ಕೂ ಸಮನಾಗಿ ಭಾರ ಬಿದ್ದಾಗ ಬಗ್ಗಿಸುವ ಒತ್ತಡ ನಟ್ಟನಡುವೆ ಎಲ್ಲಕ್ಕಿಂತ ಹೆಚ್ಚು. ಎರಡು ಮಡಿಕೆಯ ಮಂಚದ ಕೀಲು ಬರುವುದೂ ಅಲ್ಲೇ. ದೇಹದಲ್ಲಿ ಅತಿ ಭಾರದ ಭಾಗ ಬಂದು ಕೂರುವುದೂ ಅಲ್ಲೇ. ಈ ತ್ರಿವೇಣಿ ಸಂಗಮದಲ್ಲಿ ಮಧ್ಯರಾತ್ರಿ ಕೇಳುವ ಸದ್ದಿಗೆ ಹಾಸ್ಯಗಾರರು ಬೇರೆ ಕಾರಣ ಹೇಳಿದರೂ ನಿಜವಾದ ಕಾರಣ ಗಣಿತ. ಮೂರು ಮಡಿಕೆ ಮಾಡಿದರೆ ಕೀಲು ಮೂರನೇ ಒಂದು ಭಾಗಕ್ಕೆ ಸರಿಯುತ್ತದೆ. ಆದರೆ ಅಲ್ಲೂ ಒತ್ತಡ ಕಡಿಮೆಯಾಗುವುದು ಒಂಬತ್ತರಲ್ಲಿ ಒಂದು ಪಾಲು ಮಾತ್ರ. ಅದೇ ಕೀಲಿನ ಕೆಳಗೊಂದು ಜೊತೆ ಕಾಲು ಕೊಟ್ಟರೆ, ಪ್ರತಿ ತುಂಡೂ ಬೇರೆ ಪುಟ್ಟ ಮಂಚವಾಗಿ, ಒತ್ತಡ ಒಂಬತ್ತರಲ್ಲಿ ಒಂದು ಪಾಲಿಗೇ ಇಳಿಯುತ್ತದೆ. ಒಂಬತ್ತರಲ್ಲಿ ಒಂದು ಪಾಲು ಕಳೆಯುವುದಕ್ಕೂ ಒಂದು ಪಾಲು ಉಳಿಯುವುದಕ್ಕೂ ಇರುವ ಅಂತರವೇ ನಿದ್ದೆ.

ಅಲ್ಯೂಮಿನಿಯಂ ಹಗುರ ಎಂಬವರಿಗೆ ಉತ್ತರ: ಅದರ ತೂಕ ಉಕ್ಕಿನ ಮೂರನೇ ಒಂದು ಪಾಲು, ಬಿಗಿಯೂ ಸುಮಾರು ಮೂರನೇ ಒಂದೇ ಪಾಲು. ಚಾರಣಿಗನ ಬೆನ್ನಿಗೆ ತೂಕ ಮುಖ್ಯ; ಡಿಕ್ಕಿಗೆ ಬೆನ್ನುನೋವಿಲ್ಲ. ಉಕ್ಕಿನ ಪೈಪು ಮುರಿದರೆ ಯಾವ ಊರಿನಲ್ಲಾದರೂ ವೆಲ್ಡಿಂಗ್ ಅಂಗಡಿ ಸಿಗುತ್ತದೆ. ಮೇಲೆ 12 ಮಿಲಿಮೀಟರ್ ಪ್ಲೈವುಡ್ ಹಾಸಿದರೆ ಹಲಗೆಯೊಂದೇ 9 ಕಿಲೋ ತೂಗುವುದರಿಂದ ಕ್ಯಾನ್ವಾಸೋ ನವಾರು ಪಟ್ಟಿಯೋ ಲೇಸು.

ಸೂತ್ರ 3: ಕಾಲಿಗೂ ಚಪ್ಪಲಿ.

ಭಾಷ್ಯ: ಎರಡನೆಯ ಸೂತ್ರ ಪಾಲಿಸಿದ ಮಂಚಕ್ಕೆ ಎಂಟು ಕಾಲು. 25 ಮಿಲಿಮೀಟರ್ ಅಗಲದ, ತುದಿ ಮುಚ್ಚಿದ ಎಂಟು ಕಾಲುಗಳ ಮೇಲೆ 70 ಕಿಲೋ ಮನುಷ್ಯ ಮಲಗಿದರೆ, ಮಂಚದ ತೂಕವೂ ಸೇರಿ, ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ ಭಾರ. ಅದೇ ಮನುಷ್ಯ ಬರಿಗಾಲಲ್ಲಿ ನಿಂತರೆ ಬೀಳುವ ಭಾರ ಕಾಲು ಕಿಲೋ. ಅಂದರೆ ನಿಂತಾಗ ಹೂತುಹೋಗದವನು ಮಲಗಿದಾಗ ಹೂತುಹೋಗುತ್ತಾನೆ. ಎರಡೆರಡು ಕಾಲುಗಳನ್ನು ನೆಲಮಟ್ಟದಲ್ಲಿ ಅಡ್ಡಪಟ್ಟಿಯಿಂದ ಸೇರಿಸಿದರೆ ಭಾರ ಹಂಚಿಹೋಗುತ್ತದೆ, ಗುಡಾರದ ತಳವೂ ತೂತಾಗುವುದಿಲ್ಲ.

ಗಟ್ಟಿ ನೆಲ ಹುಡುಕುವುದೂ ಸಲೀಸಲ್ಲ. ರಾಷ್ಟ್ರೀಯ ಉದ್ಯಾನ, ವನ್ಯಧಾಮಗಳೊಳಗೆ ಅನುಮತಿಯಿಲ್ಲದೆ ಬಿಡಾರ ಹೂಡುವಂತಿಲ್ಲ. 1972ರ ಕಾಯ್ದೆ ನಿದ್ದೆಗೆ ವಿನಾಯಿತಿ ಕೊಟ್ಟಿಲ್ಲ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಹೆದ್ದಾರಿಯೇ ಮಲಗಿರುತ್ತದೆ, ಪಕ್ಕದಲ್ಲಿ ನಾವು ಮಲಗುವಂತಿಲ್ಲ. ಉಳಿಯುವುದು ತೋಟದ ಹೋಂಸ್ಟೇಯ ಕಾಫಿ ಕಣ. ಕಣ ಗಟ್ಟಿ, ಸಮತಟ್ಟು, ಒಣ. ಪ್ರವಾಸಕ್ಕೆ ಹಿತವಾದ ಚಳಿಗಾಲದಲ್ಲಿ ಮಾತ್ರ ಅಲ್ಲಿ ಕಾಫಿ ಮಲಗಿರುತ್ತದೆ.

ಸೂತ್ರ 4: ಚಳಿ ಕೆಳಗಿನಿಂದ.

ಭಾಷ್ಯ: ಮಂಚವೇರಿದವನು ನೆಲದ ಒದ್ದೆಯನ್ನು ಗೆದ್ದ, ಗಾಳಿಯನ್ನು ಗೆಲ್ಲಲಿಲ್ಲ. ಬೆಚ್ಚಗಿಡುವುದು ಹೊದಿಕೆಯೊಳಗೆ ಸಿಕ್ಕಿಕೊಂಡ ಗಾಳಿ. ಬೆನ್ನಿನ ಕೆಳಗೆ ಅಪ್ಪಚ್ಚಿಯಾದ ಹೊದಿಕೆಯಲ್ಲಿ ಅದು ಉಳಿಯುವುದಿಲ್ಲ. ಕ್ಯಾನ್ವಾಸಿನಡಿ ಬೀಸುವ ಗಾಳಿ ಬೆನ್ನಿನ ಬಿಸಿಯನ್ನು ಹೊತ್ತೊಯ್ಯುತ್ತಲೇ ಇರುತ್ತದೆ. ಆದ್ದರಿಂದ ಎರಡು ಕಂಬಳಿಯಿದ್ದರೆ ಒಂದನ್ನು ಹಾಸತಕ್ಕದ್ದು. ಎರಡನ್ನೂ ಹೊದ್ದು ಮಲಗಿದವನು ಮುಳ್ಳಯ್ಯನಗಿರಿಯ ತಪ್ಪಲಿನಲ್ಲಿ ರಾತ್ರಿಯಿಡೀ ಬೆನ್ನುಜ್ಜುತ್ತ ಕೂರುವನು.

ಸೂತ್ರ 5: ಬಿಡಿಸಿದವನೇ ಮಡಿಚತಕ್ಕದ್ದು.

ಭಾಷ್ಯ: ಇದೇ ಶಾಸ್ತ್ರದ ಮಹಾಸೂತ್ರ. ಮಂಚವನ್ನು ಎಲ್ಲರೂ ಅಂಗಡಿಯಲ್ಲಿ ಮಲಗಿ ಪರೀಕ್ಷಿಸುತ್ತಾರೆ, ಮಡಿಚಿ ಪರೀಕ್ಷಿಸುವವರಿಲ್ಲ. ಬೆಳಗ್ಗೆ ಮಂಜಿಗೆ ನೆಂದ ಹತ್ತಿಯ ಕ್ಯಾನ್ವಾಸು ಬಿಗಿದುಕೊಂಡಿರುತ್ತದೆ, ಕಾಲಿಗೆ ಕೆಸರು ಮೆತ್ತಿರುತ್ತದೆ, ಮರಗಟ್ಟಿದ ಬೆರಳು ಕೀಲಿನ ಬಾಯಿಗೆ ಸಿಗಲು ಕಾದಿರುತ್ತದೆ. ಹಾಗೂ ಹೀಗೂ ಮಡಿಚಿದರೆ, ಬರುವಾಗ ಮಂಚ ಹೊಕ್ಕಿದ್ದ ಚೀಲದೊಳಗೆ ಅದೇ ಮಂಚ ಹೋಗದು. ಒದ್ದೆಯಲ್ಲೇ ತುರುಕಿದರೆ ಊರು ಸೇರಿದ ಮೇಲೆ ಬೂಷ್ಟು. ಆದ್ದರಿಂದ ವಿಧಿಗಳು: ಚೀಲವನ್ನು ಮಂಚಕ್ಕಿಂತ ಒಂದು ಗೇಣು ದೊಡ್ಡದಾಗಿ ಹೊಲಿಸಬೇಕು, ಕಳಚಿ ಕಳೆದುಹೋಗುವ ನಟ್ಟು ಬೋಲ್ಟು ಒಂದೂ ಇರಬಾರದು, ಕ್ಯಾನ್ವಾಸು ಬೇರೆಯಾಗಿ ಬಂದು ಬಿಸಿಲಿಗೆ ಒಣಗುವಂತಿರಬೇಕು, ಕತ್ತಲಲ್ಲಿ, ಕಾಫಿಗೆ ಮೊದಲು, ಒಬ್ಬನೇ ಮಡಿಚಲು ಬರಬೇಕು.

ಪೂರ್ವಪಕ್ಷ

ಇಲ್ಲಿ ಮನೆಯೊಡತಿ ಪೂರ್ವಪಕ್ಷವನ್ನು ಎತ್ತುತ್ತಾಳೆ.

“ರೀ, ಡಿಕ್ಕಿ ತುಂಬ ಮಂಚಾನೇ ಇಟ್ಟರೆ ಊಟದ ಸಾಮಾನು ಎಲ್ಲಿಡೋದು? ಅಟ್ಟದ ಮೇಲಿರೋ ಜಮಖಾನ ಸಾಲದಾ?”

“ಜಮಖಾನಕ್ಕೆ ಕಾಲಿಲ್ಲವಲ್ಲೇ.”

“ಕಾಲಿಲ್ಲ, ಅದಕ್ಕೇ ಮುರಿಯೋದೂ ಇಲ್ಲ.”

ಬಲವಾದ ಪೂರ್ವಪಕ್ಷ. ಜಮಖಾನ ಎಷ್ಟು ಮಡಿಕೆಗಾದರೂ ಒಪ್ಪುತ್ತದೆ, ಚಕ್ಕುಲಿ ಡಬ್ಬದ ಸಂದಿಯಲ್ಲೂ ನುಸುಳುತ್ತದೆ, ಬೆರಳು ಕಚ್ಚುವುದಿಲ್ಲ. ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ನವಲಗುಂದದ ಜಮಖಾನಕ್ಕೆ ಸಿಕ್ಕಿದೆ, ಮಡಿಚುಮಂಚಕ್ಕೆ ಸಿಕ್ಕಿಲ್ಲ.

ಸಿದ್ಧಾಂತ

ಆದರೂ ಜಮಖಾನ ಮಾಡದ ಒಂದು ಕೆಲಸವಿದೆ: ನೆಲದಿಂದ ಎಬ್ಬಿಸುವುದು. ಮೊಣಕಾಲು ಸವೆದವರಿಗೆ ಮಲಗುವುದು ಸಮಸ್ಯೆಯಲ್ಲ, ಏಳುವುದು ಸಮಸ್ಯೆ. ಮಂಚದ ನಿಜವಾದ ಗುಣ ಅದರ ಎತ್ತರ, ಮೆತ್ತಗಿರುವುದಲ್ಲ. ಆದ್ದರಿಂದ ಅಂಚಿನಲ್ಲಿ ಕೂತರೆ ಪಾದ ನೆಲಕ್ಕೆ ಊರುವಷ್ಟು, ಅಂದರೆ ಸುಮಾರು 40 ಸೆಂಟಿಮೀಟರ್ ಎತ್ತರದ, ಮೂರು ಮಡಿಕೆಯ, ಕೀಲಿನಡಿ ಕಾಲುಳ್ಳ ಮಂಚವನ್ನು ಅತ್ತೆ ಮಾವಂದಿರಿಗೆ ಮಾತ್ರ ಒಯ್ಯತಕ್ಕದ್ದು. ಉಳಿದವರಿಗೆಲ್ಲ ಜಮಖಾನವೇ ಶಾಸ್ತ್ರಸಮ್ಮತ. ಹೀಗಾದರೆ ಒಂದು ಮಂಚಕ್ಕೆ 75, ಎರಡಕ್ಕೆ 150 ಲೀಟರ್. ಡಿಕ್ಕಿಯಲ್ಲಿ ಕುಕ್ಕರಿಗೂ ಗುಡಾರಕ್ಕೂ ಜಾಗ ಉಳಿಯುತ್ತದೆ. ಮಂಚದ ಯೋಗ್ಯತೆಯನ್ನು ರಾತ್ರಿಯಲ್ಲ, ಬೆಳಗ್ಗೆ ಅಳೆಯಬೇಕೆಂಬುದೇ ಸಕಲ ಸೂತ್ರಗಳ ಸಾರ.

ಫಲಶ್ರುತಿ

ಈ ಮೀಮಾಂಸೆಯನ್ನು ಪ್ರಯಾಣದ ಹಿಂದಿನ ರಾತ್ರಿ ಓದಿದವರ ಡಿಕ್ಕಿ ಒಂದೇ ಏಟಿಗೆ ಮುಚ್ಚಿಕೊಳ್ಳುವುದು. ಮಂಚ ಕೊಳ್ಳುವ ಮೊದಲು ಓದಿದವರಿಗೆ ದುಡ್ಡು ಉಳಿಯುವುದು. ಕೊಂಡ ಮೇಲೆ ಓದಿದವರಿಗೆ ವೈರಾಗ್ಯ ಪ್ರಾಪ್ತವಾಗುವುದು. ತಮ್ಮ ಮಂಚವನ್ನು ಪರರಿಗೆ ಎರವಲು ಕೊಟ್ಟವರಿಗೆ ಶಯ್ಯಾದಾನದ ಪುಣ್ಯವುಂಟು. ಎರವಲು ತಂದವರು ಅದನ್ನು ಒರೆಸಿ, ಒಣಗಿಸಿ, ಮಡಿಚಿ, ಅದೇ ಚೀಲದಲ್ಲಿ ಹಾಕಿ ಹಿಂದಿರುಗಿಸಬೇಕಾಗಿ ಪ್ರಾರ್ಥನೆ.