ಅರ್ಥ ಆಯ್ತಾ?

ಮೇಷ್ಟ್ರುಗಿರಿಯಿಂದ ನಿವೃತ್ತಿ ಅನ್ನೋದು ಸಂಬಳದ ಪಟ್ಟಿಗೆ ಮಾತ್ರ. ಬಾಯಿಗೂ ಪಿಂಚಣಿ ಕೊಟ್ಟು ಕೂರಿಸುವ ಆದೇಶವನ್ನು ಇಲಾಖೆ ಇನ್ನೂ ಹೊರಡಿಸಿಲ್ಲ. ಹಾಗಾಗಿ ಹೈಸ್ಕೂಲಿನಲ್ಲಿ ಗಣಿತ ಹೇಳಿ ಮನೆ ಸೇರಿದ ನನ್ನಂಥವರು ಹಾಲಿನವನಿಗೆ ಲೆಕ್ಕ, ಪೇಪರ್ ಹುಡುಗನಿಗೆ ಸಮಯಪಾಲನೆ, ಬೀದಿನಾಯಿಗೆ ಶಿಸ್ತು ಬೋಧಿಸಿಕೊಂಡು ಕಾಲ ಹಾಕುತ್ತೇವೆ. ಈಚೆಗೆ ನನ್ನ ಅದೃಷ್ಟ ಖುಲಾಯಿಸಿದೆ. ಪಕ್ಕದ ಮನೆಗೆ ಎಂಜಿನಿಯರಿಂಗ್ ಕಾಲೇಜಿನ ಲೆಕ್ಚರರ್ ಹುಡುಗನೊಬ್ಬ ಬಾಡಿಗೆಗೆ ಬಂದಿದ್ದಾನೆ. ಸಿವಿಲ್ ವಿಭಾಗ. ಭಾನುವಾರ ಬೆಳಿಗ್ಗೆ ಅವನು ಬೈಕ್ ತೊಳೀತಾನೆ, ನಾನು ಈಚೆ ದಾಸವಾಳಕ್ಕೆ ನೀರು ಹಾಕ್ತೀನಿ. ನಡುವೆ ಎದೆಮಟ್ಟದ ಕಾಂಪೌಂಡು. ಹರಟೆಗೆ ಇದಕ್ಕಿಂತ ಒಳ್ಳೆಯ ಎತ್ತರ ಇಲ್ಲ.

"ಸಾರ್, ನಮ್ಮ ಹುಡುಗರು ಬಾಯೇ ಬಿಡಲ್ಲ" ಅಂದ ಮೊನ್ನೆ. "ಅರ್ಥ ಆಯ್ತಾ ಅಂದ್ರೆ ಎಲ್ಲರೂ ತಲೆ ಆಡಿಸ್ತಾರೆ. ಇಂಟರ್ನಲ್ಸ್ ಪೇಪರ್ ನೋಡಿದ್ರೆ ನನಗೇ ತಲೆ ತಿರುಗುತ್ತೆ."

"ಬಾಗಿಲಲ್ಲಿ ನಿಂತು ‘ಊಟ ಚೆನ್ನಾಗಿತ್ತಾ’ ಅಂತ ಕೇಳಿದ್ರೆ ನೆಂಟರು ಏನಂತಾರಪ್ಪ?" ಅಂದೆ. ಪ್ರೈಮರಿ ಶಾಲೆಯಲ್ಲಾದರೆ "ಆಯ್ತೂ ಸಾ...ರ್" ಅಂತ ರಾಗವಾಗಿ ಬರುತ್ತೆ, ಕಾಲೇಜಿನಲ್ಲಿ ರಾಗ ಹೋಗಿ ತಲೆಯಾಟ ಉಳಿಯುತ್ತೆ, ಅಷ್ಟೇ ವ್ಯತ್ಯಾಸ. ಅಪ್ಪಿತಪ್ಪಿ ಯಾವನೋ "ಇಲ್ಲ ಸಾರ್" ಅಂದ ಅನ್ನಿ. ಅವನಿಗೆ ಸಿಗೋದು ಅದೇ ಪಾಠ, ಅದೇ ಮಾತು, ಇನ್ನೂ ಸ್ವಲ್ಪ ಜೋರು ದನಿಯಲ್ಲಿ. ಜೊತೆಗೆ ಬೆಲ್ ಹೊಡೆಯೋ ಹೊತ್ತಲ್ಲಿ ಮೇಷ್ಟ್ರನ್ನು ಹಿಡಿದು ನಿಲ್ಲಿಸಿದ್ದಕ್ಕೆ ಇಡೀ ಕ್ಲಾಸಿನ ಕೆಂಗಣ್ಣು. ಬುದ್ಧಿ ಇರೋ ಹುಡುಗ ಯಾಕೆ ಬಾಯಿ ಬಿಟ್ಟಾನು?

"ಸರಿ ಸಾರ್, ಪ್ರಶ್ನೇನೂ ಕೇಳ್ತೀನಿ. ಉತ್ತರ ಬರಲ್ಲ."

"ಕೇಳಿದ ಮೇಲೆ ಎಷ್ಟು ಹೊತ್ತು ಕಾಯ್ತೀಯ?"

"ಕಾಯೋದಾ?" ಅಂತ ಬಟ್ಟೆ ಹಿಂಡುತ್ತಾ ನನ್ನನ್ನೇ ನೋಡಿದ.

ಮೇರಿ ಬಡ್ ರೋ ಅಂತ ಅಮೆರಿಕದ ಹೆಂಗಸು ಒಬ್ಬರಿದ್ದರು. ವಿಜ್ಞಾನ ಶಿಕ್ಷಣದ ಪಂಡಿತೆ. ಶಾಲೆಗಳಲ್ಲಿ ಪಾಠದ ಮಾತುಗಳನ್ನು ಟೇಪ್ ಮಾಡಿ, ಮೌನವನ್ನು ಅಳೆದವರು. 1974ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ ಮೇಷ್ಟ್ರುಗಳು ಪ್ರಶ್ನೆ ಕೇಳಿ ಕಾಯೋದು ಸರಾಸರಿ ಒಂದು ಸೆಕೆಂಡು. ಅಷ್ಟರಲ್ಲಿ ಉತ್ತರ ಬರಲಿಲ್ಲ ಅಂದ್ರೆ ಪ್ರಶ್ನೆಯನ್ನೇ ತಿರುಗಿಸಿ ಹೇಳ್ತಾರೆ, ಇಲ್ಲ ಇನ್ನೊಬ್ಬನನ್ನು ಎಬ್ಬಿಸ್ತಾರೆ, ಇಲ್ಲ ತಾವೇ ಉತ್ತರ ಹೇಳಿ ಮುಗಿಸ್ತಾರೆ. ಅದನ್ನೇ ಮೂರು ಸೆಕೆಂಡಿಗೆ ಎಳೆದಾಗ ಉತ್ತರಗಳು ಉದ್ದವಾದವು, "ಗೊತ್ತಿಲ್ಲ" ಕಡಿಮೆಯಾಯಿತು, ತಾವಾಗಿ ಬಾಯಿ ಬಿಡೋ ಮಕ್ಕಳು ಹೆಚ್ಚಿದರು. ಇನ್ನೊಂದು ವಿಷಯ ಇದಕ್ಕಿಂತ ಸೂಕ್ಷ್ಮ: ಮಗು ಮಾತು ನಿಲ್ಲಿಸಿದ ತಕ್ಷಣ "ಗುಡ್, ಕೂತ್ಕೋ" ಅಂತ ಬೀಳದೆ ಅಲ್ಲೂ ಮೂರು ಸೆಕೆಂಡ್ ಸುಮ್ಮನಿದ್ದರೆ, ಎಷ್ಟೋ ಸಲ ಅದು ತಾನೇ "ಯಾಕಂದ್ರೆ..." ಅಂತ ಮುಂದುವರಿಸುತ್ತೆ.

"ಮೂರು ಸೆಕೆಂಡಾ? ಅಷ್ಟೇನಾ?" ಅಂದ ಹುಡುಗ.

"ಬೋರ್ಡಿನ ಮುಂದೆ ನಿಂತು ಎಣಿಸಿ ನೋಡು, ಮೂರು ವರ್ಷ ಆದಂಗೆ ಇರುತ್ತೆ" ಅಂದೆ. ಅಷ್ಟರಲ್ಲಿ ಅಡುಗೆಮನೆ ಕಿಟಕಿಯಿಂದ, "ರೀ, ಅದನ್ನ ಯಾರು ಯಾರಿಗೆ ಹೇಳ್ತಿರೋದು?" ಅಂತ ಬಂತು. ನಾನು ಕೇಳಿಸದವನ ಹಾಗೆ ಪೈಪನ್ನು ಇನ್ನೊಂದು ಗಿಡಕ್ಕೆ ತಿರುಗಿಸಿದೆ.

ಹುಡುಗನ ಲೆಕ್ಕಾಚಾರದಲ್ಲಿ ಪಾಠದ ಶೈಲಿ ಅಂದ್ರೆ ಗಂಟಲು, ನಗೆಚಟಾಕಿ, ಬಣ್ಣಬಣ್ಣದ ಪಿಪಿಟಿ. ಅವನ ತಪ್ಪಲ್ಲ, ನಮ್ಮೂರಿನ ತಪ್ಪು. ಪ್ರತಿ ಸೆಪ್ಟೆಂಬರ್ 5ಕ್ಕೆ ನಮ್ಮ ಮೈಸೂರಲ್ಲಿ ರಾಧಾಕೃಷ್ಣನ್ ಅವರ ಸಾರೋಟಿನ ಕಥೆ ಹೇಳ್ತೀವಿ. ಮಹಾರಾಜ ಕಾಲೇಜಿನಿಂದ 1921ರಲ್ಲಿ ಕಲ್ಕತ್ತೆಗೆ ಹೊರಟಾಗ ಕುದುರೆ ಬಿಚ್ಚಿ ಹುಡುಗರೇ ಗಾಡಿ ಎಳೆದು ಸ್ಟೇಷನ್ ಮುಟ್ಟಿಸಿದರು ಅಂತ. ಆ ಹುಡುಗರು ಕ್ಲಾಸಿನಲ್ಲಿ ಏನು ಕೇಳುತ್ತಿದ್ದರು, ಅವರು ಹೇಗೆ ಉತ್ತರಿಸುತ್ತಿದ್ದರು ಅಂತ ಯಾವ ಭಾಷಣಕಾರನೂ ಹೇಳಲ್ಲ. ಗಾಡಿ ಎಳೆದದ್ದು ನೆನಪಿದೆ, ಪಾಠ ಮಾಡಿದ್ದು ಮರೆತುಹೋಗಿದೆ. ಹೊಸ ಲೆಕ್ಚರರು ಗಾಡಿಗೆ ಆಸೆಪಟ್ಟರೆ ಆಶ್ಚರ್ಯವೇನು?

ನಾವು ಬಿ.ಎಡ್. ಮಾಡುವಾಗ ಮೈಕ್ರೋಟೀಚಿಂಗ್ ಅಂತ ಒಂದು ಶಿಕ್ಷೆ ಇತ್ತು, ಈಗಲೂ ಇದೆ. 1963ರ ಸುಮಾರಿಗೆ ಸ್ಟ್ಯಾನ್‌ಫರ್ಡಿನಲ್ಲಿ ಹುಟ್ಟಿದ್ದು. ಆರು ನಿಮಿಷದ ಪಾಠ, ಸಹಪಾಠಿಗಳೇ ಮಕ್ಕಳು. ಒಂದು ಸಲಕ್ಕೆ ಒಂದೇ ಕೌಶಲ: ಇವತ್ತು ಪ್ರಶ್ನೆ ಕೇಳೋದು, ನಾಳೆ ಉದಾಹರಣೆ ಕೊಡೋದು, ನಾಡಿದ್ದು ಬೋರ್ಡ್ ಬರಹ. ಮುಗಿದ ಮೇಲೆ ಎಲ್ಲರೂ ತಪ್ಪು ಎತ್ತಿ ಆಡಬೇಕು, ತಿದ್ದಿಕೊಂಡು ಅದೇ ಪಾಠ ಮತ್ತೆ ಮಾಡಬೇಕು. ಆಗ ನಾವೆಲ್ಲ ನಕ್ಕು, ರೆಕಾರ್ಡ್ ಬರೆದು, ಸೀಲ್ ಹಾಕಿಸಿ ಮರೆತೆವು. ಅದರಲ್ಲಿದ್ದ ಜಾಣತನ ಇಷ್ಟೇ: ಎಲ್ಲವನ್ನೂ ಒಂದೇ ಸಲ ಸುಧಾರಿಸೋಕೆ ಹೋಗಬಾರದು. ಎಂ.ಟೆಕ್. ಮುಗಿಸಿ ನೇರ ಬೋರ್ಡಿನ ಮುಂದೆ ನಿಂತವನಿಗೆ ಆ ಆರು ನಿಮಿಷವೂ ಸಿಕ್ಕಿರಲ್ಲ. ಹಾಗಾಗಿ ಹುಡುಗನಿಗೆ ಹೇಳಿದೆ: "ಈ ತಿಂಗಳು ಪ್ರಶ್ನೆ ಒಂದನ್ನೇ ನೋಡಿಕೋ. ಪಿಪಿಟಿ ಹಾಗೇ ಇರಲಿ, ಓಡಿಹೋಗಲ್ಲ."

ಮೇಷ್ಟ್ರು ಬಾಯಿ ಕಡಿಮೆ ಮಾಡಿ ಕಣ್ಣು ಕಿವಿ ಜಾಸ್ತಿ ಮಾಡಿಕೊಂಡರೆ ಏನಾಗುತ್ತೆ ಅಂತ ನೋಡೋಕೆ ಅಮೆರಿಕಕ್ಕೇ ಹೋಗಬೇಕಿಲ್ಲ, ಇಲ್ಲೇ ಹೆಗ್ಗಡದೇವನಕೋಟೆಗೆ ಹೋದರೆ ಸಾಕು. ನಲಿ-ಕಲಿ ಹುಟ್ಟಿದ್ದು ಅಲ್ಲಿ, 1995ರಲ್ಲಿ, ಯುನಿಸೆಫ್ ನೆರವಿನಿಂದ. ಆ ತಾಲ್ಲೂಕಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದು, ತಾವೇ ಕೂತು ಕಾರ್ಡ್‌ಗಳನ್ನು ಬರೆದರು. ಮಗು ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ಹುಡುಕುತ್ತೆ, ಅದರ ಚಿತ್ರದ ಗುರುತು ನೋಡಿ ಟ್ರೇಯಿಂದ ಕಾರ್ಡ್ ತರುತ್ತೆ, ತನ್ನ ಗುಂಪಿನಲ್ಲಿ ಕೂರುತ್ತೆ. ಮೇಷ್ಟ್ರ ಕುರ್ಚಿಗೆ ಅಲ್ಲಿ ಕೆಲಸವಿಲ್ಲ, ನೆಲದ ಮೇಲೆ ಮಕ್ಕಳ ನಡುವೆ ಕೂರಬೇಕು. ಕರಿಹಲಗೆಯೂ ಮಕ್ಕಳ ಕೈಗೆಟುಕುವ ಎತ್ತರದಲ್ಲಿ, ಗೋಡೆಯ ಬುಡದಲ್ಲಿ. 2009-10ರ ಹೊತ್ತಿಗೆ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಸರ್ಕ್ಯುಲರ್ ಮೂಲಕ ಹಬ್ಬಿದ ಕಡೆ ಕಾರ್ಡು ಬಂತು, ಟ್ರೇ ಬಂತು, ಎಷ್ಟೋ ಕಡೆ ಕುರ್ಚಿ ಮಾತ್ರ ಕದಲಲಿಲ್ಲ. ತಾನೇ ನೋಡಿ ಬಂದು ಬದಲಾದವನಿಗೂ ಬದಲಾಗು ಅಂತ ಆದೇಶ ಪಡೆದವನಿಗೂ ಇರೋ ಅಂತರ ಅದು.

"ನಮ್ಮದು ಅರವತ್ತು ಜನರ ಕ್ಲಾಸು ಸಾರ್, ನೆಲದ ಮೇಲೆ ಕೂರೋಕಾಗುತ್ತಾ?"

"ಕೂರಬೇಡ. ಪುಸ್ತಕದೊಳಗೆ ಇಣುಕು."

ಉದಾಹರಣೆಗೆ, 42ರಲ್ಲಿ 17 ಕಳೆದು 35 ಅಂತ ಬರೆಯೋ ಮಕ್ಕಳು ಪ್ರತಿ ಕ್ಲಾಸಿನಲ್ಲೂ ಸಿಗ್ತಾರೆ. ಕೆಂಪು ಇಂಕಿನಲ್ಲಿ ಇಂಟು ಹಾಕಿ, ಪಕ್ಕದಲ್ಲಿ 25 ಅಂತ ಬರೆದು ಮುಂದೆ ಹೋಗೋದು ವಾಡಿಕೆ. ಒಂದು ಗಳಿಗೆ ನಿಂತು ನೋಡಿ: ಮಗು ಬೇಕಾಬಿಟ್ಟಿ ಬರೆದಿಲ್ಲ. ನಾಲ್ಕರಲ್ಲಿ ಒಂದು ಹೋದರೆ ಮೂರು. ಎರಡರಲ್ಲಿ ಏಳು ಹೋಗಲ್ಲ, ಅದಕ್ಕೇ ಏಳರಲ್ಲಿ ಎರಡು ಕಳೆದು ಐದು. ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನೇ ಕಳೀಬೇಕು ಅಂತ ನಾವೇ ಒಂದನೇ ಕ್ಲಾಸಿನಲ್ಲಿ ಹೇಳಿಕೊಟ್ಟದ್ದು! ಅದು ಆ ಮಾತನ್ನು ನಿಷ್ಠೆಯಿಂದ ಪಾಲಿಸಿದೆ. ಇಂಥ ತಪ್ಪನ್ನು ತಿದ್ದೋಕೆ ಕಳೆಯೋದನ್ನೇ ಮತ್ತೆ ಹೇಳಿದರೆ ಪ್ರಯೋಜನವಿಲ್ಲ. ನಾಲ್ಕು ಹತ್ತರ ಕಟ್ಟು, ಎರಡು ಬಿಡಿ ಕಡ್ಡಿ ಕೈಗೆ ಕೊಟ್ಟು "ಏಳು ಬಿಡಿ ಕೊಡು" ಅನ್ನಬೇಕು. ಆಗ ಮಗು ತಾನೇ ಒಂದು ಕಟ್ಟು ಬಿಚ್ಚುತ್ತೆ. ಮುಂದಿನ ವರ್ಷ ಪಾಠ ಹೇಗೆ ಮಾಡಬೇಕು ಅನ್ನೋದನ್ನು ಇಂಥ ತಪ್ಪುಗಳೇ ಹೇಳಿಕೊಡ್ತವೆ, ಗೈಡ್ ಪುಸ್ತಕ ಹೇಳಲ್ಲ.

ಅರವತ್ತು ಪುಸ್ತಕ ತಿದ್ದೋಕೂ ಪುರಸೊತ್ತಿಲ್ಲ ಅನ್ನೋರಿಗೆ ಇನ್ನೊಂದು ದಾರಿ ಇದೆ. ಹಾರ್ವರ್ಡಿನ ಸಂಖ್ಯಾಶಾಸ್ತ್ರಜ್ಞ ಫ್ರೆಡರಿಕ್ ಮಾಸ್ಟೆಲರ್ 1989ರಲ್ಲಿ ಇದರ ಬಗ್ಗೆ ಬರೆದರು. ಪಾಠದ ಕೊನೆಗೆ ಹುಡುಗರಿಂದ ಚೀಟಿ ಬರೆಸೋದು: ಇವತ್ತು ಎಲ್ಲಿ ಕಲಸುಮೇಲೋಗರ ಆಯ್ತು ಅಂತ. ಹೆಸರು ಹಾಕೋದು ಬೇಡ. ಮುಂದಿನ ಕ್ಲಾಸು ಆ ಚೀಟಿಗಳಿಂದಲೇ ಶುರು. ಖರ್ಚು ನೋಟ್‌ಬುಕ್ಕಿನ ಕಾಲು ಹಾಳೆ.

ಹುಡುಗ ಮಾಡಿದ ಅಂತಾಯ್ತು. ಮುಂದಿನ ಭಾನುವಾರ ಬೈಕಿಗೆ ನೀರು ಸುರಿಯೋ ಮೊದಲೇ ಚೀಟಿಗಳ ಕಂತೆ ಕಾಂಪೌಂಡ್ ಮೇಲೆ ಇಟ್ಟ. "ಸಾರ್ ಬರೆದದ್ದನ್ನ ಸಾರ್ ಬೆನ್ನೇ ಓದುತ್ತೆ" ಅಂತ ಒಂದರಲ್ಲಿತ್ತು. "ಕೆಂಪು ಚಾಕ್‌ಪೀಸ್ ಹಿಂದಕ್ಕೆ ಕಾಣಲ್ಲ" ಅಂತ ನಾಲ್ಕೈದರಲ್ಲಿ. ಅವನನ್ನು ಕಂಗೆಡಿಸಿದ್ದು ಬೇರೆ: ಶಿಯರ್ ಫೋರ್ಸಿಗೆ ಒಂದು ಪುಸ್ತಕದಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್ ಯಾಕೆ ಅಂತ ಕ್ಲಾಸಿನ ಅರ್ಧ ಜನ ಕೇಳಿದ್ದರು. ಅದು ಬರೀ ರೂಢಿ, ಒಬ್ಬೊಬ್ಬ ಲೇಖಕ ಒಂದೊಂದು ಹಿಡೀತಾನೆ ಅಂತ ಒಂದೇ ಒಂದು ಮಾತು ಇವನು ಹೇಳಿರಲಿಲ್ಲ, ಹೇಳಬೇಕು ಅಂತ ಹೊಳೆದೂ ಇರಲಿಲ್ಲ. ಇಂಟರ್ನಲ್ಸ್‌ನಲ್ಲಿ ತಲೆಕೆಳಗಾದ ಡಯಾಗ್ರಾಮ್‌ಗಳ ಗುಟ್ಟು ಅಲ್ಲಿತ್ತು.

ಈಗ ಅವನಿಗೆ ಹುರುಪು ಬಂದಿದೆ. "ಮುಂದೇನು ಸಾರ್?" ಅಂದ. ಜಪಾನಿನ ಮೇಷ್ಟ್ರುಗಳ ವಿಷಯ ಹೇಳಿದೆ. ಅಲ್ಲಿ ನಾಲ್ಕಾರು ಜನ ಸೇರಿ ಒಂದೇ ಪಾಠ ತಯಾರು ಮಾಡ್ತಾರೆ, ಒಬ್ಬ ಹೇಳ್ತಾನೆ, ಉಳಿದವರು ಮಕ್ಕಳ ಪಕ್ಕ ನಿಂತು ಮಕ್ಕಳನ್ನೇ ನೋಡ್ತಾರೆ. ಆಮೇಲೆ ಚರ್ಚೆ ಆಗೋದು ಪಾಠದ ಮೇಲೆ, ಪಾಠ ಮಾಡಿದವನ ಮೇಲಲ್ಲ. ನಮ್ಮಲ್ಲಿ ಯಾರಾದರೂ ಕ್ಲಾಸಿನ ಹಿಂದಿನ ಬೆಂಚಿಗೆ ಬಂದು ಕೂತರು ಅಂದ್ರೆ ಅವರು ಸಾಹೇಬರು, ಕೈಯಲ್ಲಿ ಡೈರಿ, ಮೇಷ್ಟ್ರ ಎದೆಯಲ್ಲಿ ಡವಡವ. ಅದಕ್ಕೇ ಶುರು ಮಾಡೋದಾದರೆ ಮೇಲಿನಿಂದ ಮಾಡಬೇಕು. ಮೊದಲು ಸೀನಿಯರ್ ಪಾಠ ಮಾಡಲಿ, ಜೂನಿಯರ್‌ಗಳು ಹೋಗಿ ಕೂತು ನೋಡಲಿ. ತಿರುಗಾಮುರುಗಾ ಆದರೆ ಅದು ಇನ್‌ಸ್ಪೆಕ್ಷನ್ ಆಗುತ್ತೆ.

ಹುಡುಗ ಗಮನವಿಟ್ಟು ಕೇಳಿದ. ತಲೆ ಆಡಿಸಿದ. ಬಕೆಟ್ ಎತ್ತಿಕೊಂಡ. ಆಮೇಲೆ ಮೆಲ್ಲಗೆ, "ಅದು ಸರಿ ಸಾರ್, ಇದನ್ನ ನಮ್ಮ ಎಚ್‌ಓಡಿಗೆ ಹೇಳೋದು ಯಾರು?" ಅಂದ.