ಬ್ರೆಡ್ಡು ತಂದ ಅಪ್ಪ

ನಮ್ಮ ಬಾಳೂರು ಕಡೆ ಗಂಡಸರು ಮಾತಾಡದ ವಿಷಯ ಅಂತ ಒಂದಿಲ್ಲ. ಕಾಳುಮೆಣಸಿನ ರೇಟು, ಆನೆ ಯಾರ ತೋಟದ ಬೇಲಿ ಮುರಿಯಿತು, ಯಾರ ಅರೇಬಿಕಾಕ್ಕೆ ಬೋರರ್ ಬಿತ್ತು, ಯಾರ ಅಳಿಯ ಜೀಪು ಮಾರಿ ಕಾರು ತಗೊಂಡ, ಎಲ್ಲವೂ ಕೊಟ್ಟಿಗೆಹಾರದ ಹೋಟೆಲಿನಲ್ಲಿ ಒಂದು ಪ್ಲೇಟು ನೀರುದೋಸೆ ಖಾಲಿ ಆಗೋದರೊಳಗೆ ಇತ್ಯರ್ಥ ಆಗಿಬಿಡುತ್ತೆ. ಇಷ್ಟು ದೊಡ್ಡ ಮಾತುಗಾರರಾದ ನಮಗೆ ಮನೆಯಲ್ಲಿ ಒಂದು ಪ್ರಶ್ನೆ ಎದುರಾದರೆ ನಾಲಿಗೆ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಮಗ ಸಣ್ಣವನಿದ್ದಾಗ "ಅಪ್ಪ, ನಾನು ಎಲ್ಲಿಂದ ಬಂದೆ?" ಅಂದ. ನಾನು "ಅಮ್ಮನ್ನ ಕೇಳು" ಅಂದೆ. ಅವಳು "ಅಜ್ಜಿನ ಕೇಳು, ಇಲ್ಲಿ ರೊಟ್ಟಿ ಸೀದು ಹೋಗ್ತಿದೆ" ಅಂದಳು. ನಮ್ಮಮ್ಮ "ಹೊರನಾಡಮ್ಮಂಗೆ ಹರಕೆ ಹೊತ್ತಿದ್ವಲ್ಲ ಮಗಾ, ಅಲ್ಲಿಂದ" ಅಂತ ಕೇಸು ಮುಗಿಸಿದಳು. ಹುಡುಗ ಬಹಳ ಕಾಲ ತಾನು ಹೊರನಾಡು ಬಸ್ಸಿನಲ್ಲಿ ಬಂದವನು ಅಂತಲೇ ತಿಳಿದಿದ್ದ. ಬಸ್ಸಿನ ಹಾರನ್ ಕೇಳಿದಾಗಲೆಲ್ಲ ರಸ್ತೆಗೆ ಓಡಿ, ತಮ್ಮ ಯಾರಾದರೂ ಇಳಿಯುತ್ತಾನಾ ಅಂತ ಕಾಯುತ್ತಿದ್ದ. ನಿಮ್ಮ ಮನೆಯಲ್ಲೂ ಇಂಥ ಯಾವುದೋ ಬಸ್ಸೋ, ದೇವಸ್ಥಾನವೋ, ಆಸ್ಪತ್ರೆಯ ನರ್ಸೋ ಇದ್ದೇ ಇರುತ್ತೆ, ಸುಳ್ಳು ಹೇಳಬೇಡಿ.

ಈಗ ಮಗಳು ಹತ್ತನೇ ಕ್ಲಾಸು, ಮಗ ಎಂಟು. ಈ ಸಲ ಹೂಮಳೆ ಬೇಗ ಬಿತ್ತಲ್ಲ, ಅದೇ ವಾರ ಶಾಲೆಯಲ್ಲಿ ಪೋಷಕರ ಸಭೆ ಕರೆದರು. ವಿಷಯ: ಹದಿಹರೆಯದ ಆರೋಗ್ಯದಲ್ಲಿ ಪೋಷಕರ ಹಾಗೂ ಸಮುದಾಯದ ಪಾತ್ರ. ವಿಷಯ ಏನು ಅಂತ ಗೊತ್ತಾಗಿದ್ದೇ ತಡ, ಅರ್ಧ ಗಂಡಸರ ತೋಟದಲ್ಲಿ ಸ್ಪ್ರಿಂಕ್ಲರ್ ಪೈಪು ಒಡೆಯಿತು. ಬಂದ ಉಳಿದರ್ಧ ಹಿಂದಿನ ಬೆಂಚು ಹಿಡಿದು ಮಾಡಿನ ಹೆಂಚು ಎಣಿಸುತ್ತಾ ಕೂತರು.

ಆರೋಗ್ಯ ಇಲಾಖೆಯಿಂದ ಬಂದಿದ್ದ ಮೇಡಂ ಚೆನ್ನಾಗಿಯೇ ಮಾತಾಡಿದರು. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಇರುವುದೇ 10ರಿಂದ 19 ವರ್ಷದ ಮಕ್ಕಳಿಗೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಅವರಿಗಾಗಿಯೇ 'ಸ್ನೇಹ ಕ್ಲಿನಿಕ್' ಅಂತ ಇದೆ, ನಾಚಿಕೆ ಬಿಟ್ಟು ಕಳಿಸಿ ಅಂದರು. ಈ ವಯಸ್ಸಿನವರಿಗೆ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತೇವೆ ಅಂದಾಗ ಹಿಂದಿನ ಬೆಂಚಿನಿಂದ ಒಬ್ಬರು "ನೀಲಿ ಮಾತ್ರೆನಾ? ಮಕ್ಕಳಿಗಾ?" ಅಂತ ಗಾಬರಿಯಾಗಿ ಎದ್ದು ನಿಂತರು. ಅದು ಕಬ್ಬಿಣಾಂಶದ್ದು, ರಕ್ತಹೀನತೆಗೆ ಅಂದ ಮೇಲೆ ಕೂತರು. ಅವರು ಬೇರೆ ಯಾವುದು ಅಂದುಕೊಂಡಿದ್ದರು ಅಂತ ಕೇಳುವ ಧೈರ್ಯ ಆ ಸಭೆಯಲ್ಲಿ ಅವರ ಹೆಂಡತಿಗೆ ಮಾತ್ರ ಇತ್ತು, ಅವರು ಮನೆಗೆ ಹೋಗಿ ಕೇಳಿರಬೇಕು.

"ಇದೆಲ್ಲ ಹೇಳಿಕೊಟ್ರೆ ಮಕ್ಕಳು ಇನ್ನೂ ಬೇಗ ಕೆಟ್ಟು ಹೋಗ್ತವೆ ಮೇಡಂ" ಅಂತ ಇನ್ನೊಬ್ಬರು ಎದ್ದರು. ಹಾಗೇನೂ ಆಗುವುದಿಲ್ಲ, ಬೇರೆ ಬೇರೆ ದೇಶಗಳ ಅಧ್ಯಯನಗಳನ್ನೆಲ್ಲ ನೋಡಿ ಯುನೆಸ್ಕೋ 2018ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯಲ್ಲೇ ಇದನ್ನು ಹೇಳಿದೆ ಅಂತ ಮೇಡಂ ಉತ್ತರ ಕೊಟ್ಟರು. ಯುನೆಸ್ಕೋ ಅಂದ ಕೂಡಲೆ ನನ್ನೊಳಗಿನ ವಿದ್ಯಾವಂತ ಎದ್ದು ಕೂತ. ನಾನು ದಿನಾ ಪೇಪರ್ ಓದುವವನು, ಡಿಗ್ರಿ ಮುಗಿಸಿದವನು, ಅದಕ್ಕಿಂತ ಹೆಚ್ಚಾಗಿ ತೇಜಸ್ವಿಯವರು ಸ್ಕೂಟರಿನಲ್ಲಿ ಓಡಾಡಿದ ಮೂಡಿಗೆರೆ ತಾಲ್ಲೂಕಿನವನು. ಸುಮ್ಮನೆ ಕೂರಲಿಕ್ಕೆ ಆಗುತ್ತಾ? ಎದ್ದೆ. 2005ರಲ್ಲಿ ಕೇಂದ್ರ ಸರ್ಕಾರ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂದದ್ದು, 2007ರಲ್ಲಿ ಅದು ಬೇಡ ಅಂದ ರಾಜ್ಯಗಳ ಸಾಲಿನಲ್ಲಿ ನಮ್ಮ ಕರ್ನಾಟಕವೂ ನಿಂತದ್ದು, 2009ರಲ್ಲಿ ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ ಶಾಲೆಯಲ್ಲಿ ಲೈಂಗಿಕ ಶಿಕ್ಷಣವೇ ಬೇಡ ಅಂತ ವರದಿ ಕೊಟ್ಟದ್ದು, ಎಲ್ಲವನ್ನೂ ಇಸವಿ ಸಮೇತ ಒಪ್ಪಿಸಿದೆ. "ಅಂದರೆ ದೆಹಲಿಯಿಂದ ಬಾಳೂರಿನವರೆಗೆ ಎಲ್ಲರೂ ಮಕ್ಕಳಿಗೆ 'ಅಮ್ಮನ್ನ ಕೇಳು' ಅಂದವರೇ!" ಅಂತ ಮುಗಿಸಿದಾಗ ಚಪ್ಪಾಳೆ ಬಿತ್ತು.

"ತುಂಬಾ ಸಂತೋಷ ಸರ್. ನಿಮ್ಮ ಮನೆಯಲ್ಲಿ ಮಕ್ಕಳ ಜೊತೆ ನೀವು ಮಾತಾಡ್ತೀರಾ?"

"ಖಂಡಿತ. ನಮ್ಮನೇಲಿ ಮುಕ್ತ ವಾತಾವರಣ."

ಹೆಂಗಸರ ಸಾಲಿನಿಂದ ಜೋರಾಗಿ ಒಂದು ಕೆಮ್ಮು ಕೇಳಿಸಿತು. ಆ ಕೆಮ್ಮು ನನಗೆ ಮದುವೆಯಾದ ಲಾಗಾಯ್ತಿನಿಂದ ಪರಿಚಯ. ಮೇಡಂ ಅಷ್ಟರಲ್ಲಿ ನನ್ನ ಹೆಸರನ್ನು ಪೋಷಕರ ಪ್ರತಿನಿಧಿ ಅಂತ ಬರೆದುಕೊಂಡು, ಮುಂದಿನ ಸಭೆಯಲ್ಲಿ ನಿಮ್ಮ ಅನುಭವ ಹೇಳಿ ಅಂದುಬಿಟ್ಟರು.

"ಮುಕ್ತ ವಾತಾವರಣವಂತೆ" ಅಂತ ಹೆಂಡತಿ ಜೀಪಿನಲ್ಲಿ ಶುರು ಮಾಡಿದಳು. "ಟಿವೀಲಿ ಪ್ಯಾಡಿನ ಜಾಹೀರಾತು ಬಂದ್ರೆ ಮೋಡ ಆಗಿದೆಯಾ ನೋಡ್ತೀನಿ ಅಂತ ಅಂಗಳಕ್ಕೆ ಹೋಗ್ತೀರಿ. ಬೇಸಿಗೇಲೂ."

"ಅದು ಕಣದಲ್ಲಿ ಕಾಫಿ ಇರುತ್ತೆ ಅಂತ ಕಣೇ."

"ಕಣದಲ್ಲಿ ಕಾಫಿ ಇಲ್ದಿದ್ದಾಗ್ಲೂ."

ಸವಾಲು ಅಂದಮೇಲೆ ಸವಾಲು. ನನಗೆ ಅನುಕೂಲವಾಗಿ ಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟಿತು. ಮಗನನ್ನು ಕರೆದುಕೊಂಡು ಹೋದೆ. ಹೂವಿನಿಂದ ಶುರು ಮಾಡಿ ಮೆಲ್ಲಗೆ ಮನುಷ್ಯನ ಕಡೆ ಇಳಿಯುವುದು ನನ್ನ ಪ್ಲಾನು. "ನೋಡು ಮಗಾ, ಅರೇಬಿಕಾ ಹೂವಿಗೆ ತನ್ನ ಪರಾಗವೇ ಸಾಕು. ರೊಬಸ್ಟಾಕ್ಕೆ ಹಾಗಲ್ಲ, ಬೇರೆ ಗಿಡದಿಂದಲೇ ಬರಬೇಕು. ಗಾಳಿ ತರಬೇಕು, ಇಲ್ಲ ಜೇನು ತರಬೇಕು. ಅದಕ್ಕೇ ಹೂವಿನ ಟೈಮಲ್ಲಿ ಔಷಧಿ ಹೊಡೀಬಾರದು." ಇಲ್ಲಿಯವರೆಗೆ ಬಹಳ ಸಲೀಸಾಗಿ ಬಂತು. ಇಲ್ಲಿಂದ ಮನುಷ್ಯನ ಕಡೆ ತಿರುಗಬೇಕು. ಗಂಟಲು ಸರಿಮಾಡಿಕೊಂಡೆ. "ಹಾಗೇ ಈ... ಈಗ... ಔಷಧಿ ಅಂದ್ರೆ ಬೋರ್ಡೋ ದ್ರಾವಣಕ್ಕೆ ಸುಣ್ಣ ಎಷ್ಟು ಹಾಕಬೇಕು ಗೊತ್ತಾ?" ಅಂತ ನನ್ನ ಬಾಯಿ ತಾನಾಗಿಯೇ ಕಾಫಿ ಬೋರ್ಡಿನ ಕಡೆ ತಿರುಗಿಕೊಂಡಿತು. ಮಗ ಸುಣ್ಣದ ಲೆಕ್ಕವನ್ನೆಲ್ಲ ತಾಳ್ಮೆಯಿಂದ ಕೇಳಿ, ಕೊನೆಗೆ "ಅಪ್ಪ, ಅಮ್ಮ ಎಲ್ಲಾ ಹೇಳಿ ಕಳಿಸಿದಾಳೆ. ನಾವು ಅರೇಬಿಕಾನಾ, ರೊಬಸ್ಟಾನಾ? ಅಷ್ಟು ಹೇಳು, ಕ್ರಿಕೆಟ್ ಇದೆ" ಅಂದ. ಕಪಾತು ಮಾಡುತ್ತಿದ್ದ ಆಳು ಮರದ ಹಿಂದೆ ನಿಂತು ನಕ್ಕ ಸದ್ದು ಕೇಳಿಸಿತು.

ನಮ್ಮ ಕಾಲ ಎಷ್ಟೋ ವಾಸಿ. ಗೋಡೆಯ ಮೇಲೊಂದು ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆದಿರುತ್ತಿದ್ದರು, ಅದೇ ಪಾಠ, ಅದೇ ಮೇಷ್ಟ್ರು. 1968ರಲ್ಲಿ ನಿರೋಧ್ ಅನ್ನು ಊರೂರಿಗೆ ಮುಟ್ಟಿಸಲು ಸರ್ಕಾರ ಹಿಡಿದದ್ದು ಬ್ರೂಕ್ ಬಾಂಡ್, ಲಿಪ್ಟನ್‌ನಂಥ ಕಂಪನಿಗಳ ಮಾರಾಟ ಜಾಲವನ್ನು. ಮೂರಕ್ಕೆ 15 ಪೈಸೆ. ಕಾಫಿ ಬೆಳೆಯುವ ನಾಡಿಗೆ ಟೀ ಪುಡಿಯವರ ಕೈಯಲ್ಲಿ ಕಳಿಸಿದರೆ ಯಾರು ನಂಬುತ್ತಾರೆ? ದೊಡ್ಡವರು ಮುಟ್ಟಲಿಲ್ಲ, ಹುಡುಗರು ಊದಿ ಬಲೂನು ಮಾಡಿಕೊಂಡರು.

ಬಾಯಿ ಕೈಕೊಟ್ಟರೇನು, ಪುಸ್ತಕ ಇದೆಯಲ್ಲ. ನಮ್ಮ ಮದುವೆಗೆ ಉಡುಗೊರೆ ಬಂದಿದ್ದ 'ದಾಂಪತ್ಯ ದೀಪಿಕೆ' ಅಟ್ಟದಲ್ಲಿತ್ತು. ಬರೆದವರು ಡಾಕ್ಟರು ಅನುಪಮಾ ನಿರಂಜನ, ತೀರ್ಥಹಳ್ಳಿಯಲ್ಲಿ ಹುಟ್ಟಿದವರು, ನಮ್ಮ ಮಲೆನಾಡಿನವರೇ. ಮಕ್ಕಳಿಗೆ ಕೊಡುವ ಮೊದಲು ನಾನೊಮ್ಮೆ ತಯಾರಾಗೋಣ ಅಂತ ಹಳೇ ಪೇಪರಿನಲ್ಲಿ ರಟ್ಟು ಹಾಕಿ ದಿಂಬಿನಡಿ ಇಟ್ಟುಕೊಂಡೆ. ಮಾರನೇ ದಿನ ನೋಡಿದರೆ ಪುಸ್ತಕ ಇಲ್ಲ. ನಮ್ಮಮ್ಮ ಜಗಲಿಯಲ್ಲಿ ಕನ್ನಡಕ ಏರಿಸಿಕೊಂಡು ಅರ್ಧ ಮುಗಿಸಿದ್ದಳು. "ಈ ಡಾಕ್ಟರಮ್ಮ ಎಷ್ಟು ಚಂದ ಬರೆದಿದಾಳೆ ನೋಡು. ನಿಂಗ್ಯಾಕೆ ಈ ವಯಸ್ಸಲ್ಲಿ?" ಅಂದಳು. ಆಮೇಲೆ ಅದು ಪಕ್ಕದ ತೋಟದ ಮನೆಗೆ ಹೋಯಿತು, ಅಲ್ಲಿಂದ ಅವರ ತವರಿಗೆ ಹೋಯಿತು ಅಂತ ಸುದ್ದಿ. ನನಗೆ ರಟ್ಟು ಮಾತ್ರ ವಾಪಸು ಬಂದಿದೆ.

ಇಷ್ಟರ ನಡುವೆ ಒಂದು ಸಂಜೆ ನಾನು ಕೊಟ್ಟಿಗೆಹಾರದಲ್ಲಿದ್ದಾಗ ಹೆಂಡತಿ ಫೋನು ಮಾಡಿದಳು. "ಮಗಳಿಗೆ ಶಾಲೇಲಿ ಶುಚಿ ಯೋಜನೇದು ಅಂತ ಕೊಟ್ಟಿದ್ದ ಪ್ಯಾಡೆಲ್ಲ ಖರ್ಚಾಗಿದೆ, ಬರ್ತಾ ಒಂದು ಪ್ಯಾಕ್ ತನ್ನಿ. ಪೋಷಕರ ಪ್ರತಿನಿಧಿ ಅಲ್ವಾ ನೀವು."

ಅಂಗಡಿಯಲ್ಲಿ ಜನ ಇದ್ದರು. ಅವರು ಹೋಗಲಿ ಅಂತ ಒಂದು ಕಟ್ಟು ಮೇಣದಬತ್ತಿ ಕೊಂಡೆ. ಮತ್ತೆ ಜನ ಬಂದರು. ನೈಲಾನ್ ಹಗ್ಗ ಕೊಂಡೆ, ಇಲಿ ಪಾಷಾಣ ಕೊಂಡೆ. ಅಂಗಡಿಯವರು "ಮನೇಲಿ ಎಲ್ಲಾ ಆರಾಮಾ ಗೌಡ್ರೆ?" ಅಂತ ಅನುಮಾನದಿಂದ ನೋಡಿದರು. ಹಗ್ಗ, ಪಾಷಾಣ ಒಟ್ಟಿಗೆ ಕೊಂಡವನನ್ನು ಇನ್ನು ಹೇಗೆ ನೋಡುತ್ತಾರೆ? ಕೊನೆಗೆ ಮೇಲಿನ ಕಪಾಟಿನ ಕಡೆ ಬೆರಳು ತೋರಿಸಿ ಬೇರೆ ಕಡೆ ಮುಖ ಮಾಡಿ ನಿಂತೆ. ಅವರೂ ಬೇರೆ ಕಡೆ ಮುಖ ಮಾಡಿಯೇ ಅದನ್ನು ಇಳಿಸಿ, ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ ಕೊಟ್ಟರು. ಇಲಿ ಪಾಷಾಣವನ್ನು ಮಾತ್ರ ಬಿಳೀ ಕವರಿನಲ್ಲಿ ರಾಜಾರೋಷವಾಗಿ ಕೊಟ್ಟರು.

ಹೊರಗೆ ಬಂದರೆ ಪಕ್ಕದ ತೋಟದವರು. "ಏನ್ರೀ ಅದು, ಕಪ್ಪು ಕವರು? ಎಣ್ಣೆನಾ?"

ಹೆಂಡ ಅಂದುಕೊಂಡರಲ್ಲ ಅಂತ ಮಾನಕ್ಕೆ ಹೆದರಿ ಬಾಯಿಗೆ ಬಂದದ್ದು ಹೇಳಿದೆ. "ಛೆ, ಬ್ರೆಡ್ಡು."

"ಬ್ರೆಡ್ಡಾ? ಯಾರಿಗೆ ಹುಷಾರಿಲ್ಲ?"

ನಮ್ಮ ಕಡೆ ಆರೋಗ್ಯವಾಗಿರುವವರು ಯಾರೂ ಬ್ರೆಡ್ಡು ತಿನ್ನುವುದಿಲ್ಲ. ಅದು ನನಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. "ಅಮ್ಮಂಗೆ ಸ್ವಲ್ಪ..." ಅಂದು ಜೀಪು ಹತ್ತಿದೆ.

ಹಳ್ಳಿಯಲ್ಲಿ ಸುದ್ದಿಗೆ ಟವರು ಬೇಡ. ನಾನು ಮನೆ ಮುಟ್ಟಿ ಕಾಲು ತೊಳೆಯುವಷ್ಟರಲ್ಲಿ ಪಕ್ಕದ ತೋಟದವರು ಎಳನೀರಿನ ಗೊನೆ ಹೊತ್ತು ಬಂದರು. ಲೈನ್ ಮನೆಯ ಹೆಂಗಸರು ಕಷಾಯಕ್ಕೆ ಅಮೃತಬಳ್ಳಿ ತಂದರು. ತೋಟದ ಲೆಕ್ಕ ಬರೆಯುವ ರೈಟ್ರು ಮೋಸಂಬಿ ತಂದರು. ಆಶಾ ಅಕ್ಕ ಬಿಪಿ ಮಿಷನ್ನು ತಂದರು. ಸಮುದಾಯ ಅಂತ ಮೇಡಂ ಹೇಳಿದ್ದರಲ್ಲ, ಅದು ಪೂರ್ತಿ ನಮ್ಮ ಜಗಲಿಯಲ್ಲಿ ನೆರೆಯಿತು. ರೋಗಿ ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದಳು.

ಕೊಡಲಿ ಹಿಡಿದೇ ಬಂದ ಅಮ್ಮ ವಿಷಯ ಕೇಳಿ, ನನ್ನ ಕೈಯ ಕಪ್ಪು ಕವರು ಕಿತ್ತುಕೊಂಡು, ಪೇಪರು ಬಿಚ್ಚಿ, ಎಲ್ಲರೆದುರು ಎತ್ತಿ ಹಿಡಿದಳು. "ಇದನ್ನ ಹಾಲಿಗೆ ಅದ್ದಿ ತಿನ್ನಬೇಕೇನೋ?"

ಗಂಡಸರೆಲ್ಲ ತಟಕ್ಕನೆ ಕೆಲಸ ನೆನಪಾಗಿ ಅಂಗಳಕ್ಕಿಳಿದರು. ನಾನೂ ಹೊರಟಿದ್ದೆ. "ನೀವೆಲ್ಲಿ? ಇಷ್ಟು ಜನಕ್ಕೆ ಕಾಫಿ ಮಾಡಿ" ಅಂತ ಹೆಂಡತಿ ಅಡಿಗೆಮನೆಗೆ ಅಟ್ಟಿದಳು. ಅಡಿಗೆಮನೆಯ ಕಿಟಕಿ ಜಗಲಿಗೆ ಇದೆ, ಹಾಗಾಗಿ ಮುಂದಿನದ್ದೆಲ್ಲ ನನ್ನ ಕಿವಿಗೆ ಬಿದ್ದಿದೆ.

ಅಮ್ಮ ತಾನು ದೊಡ್ಡವಳಾದಾಗಿನ ಕತೆ ತೆಗೆದಳು. ಚಪ್ಪರ ಹಾಕಿ, ಊರೆಲ್ಲ ಕರೆದು, ಸೀರೆ ಉಡಿಸಿ, ಆರತಿ ಎತ್ತಿ, ಎಳ್ಳು ಬೆಲ್ಲದ ಚಿಗಳಿ ತಿನ್ನಿಸಿ, ಹಾಡು ಹೇಳಿ ಹಬ್ಬ ಮಾಡಿದರಂತೆ. "ಊರಿಗೆಲ್ಲ ಗೊತ್ತು. ನಂಗೊಬ್ಬಳಿಗೇ ಏನಾಗಿದೆ ಅಂತ ಯಾರೂ ಹೇಳ್ಲಿಲ್ಲ. ಸಾಯ್ತೀನೇನೋ, ಅದಕ್ಕೇ ಇಷ್ಟು ಒಳ್ಳೇ ಊಟ ಹಾಕ್ತಿದಾರೇನೋ ಅಂದ್ಕೊಂಡಿದ್ದೆ." ಲೈನಿನ ಹೆಂಗಸರು ನಕ್ಕು ನಕ್ಕು ತಮ್ಮ ತಮ್ಮ ಕತೆ ತೆಗೆದರು. ಆಶಾ ಅಕ್ಕ ಸಂದರ್ಭ ಬಿಡುವವರಲ್ಲ. ಪ್ಯಾಡು ಎಷ್ಟು ಹೊತ್ತಿಗೆ ಬದಲಿಸಬೇಕು ಅನ್ನುವುದರಿಂದ ಹಿಡಿದು, ಹದಿನೆಂಟು ತುಂಬದ ಮಕ್ಕಳನ್ನು ಕಾಯುವ ಪೋಕ್ಸೋ ಕಾಯ್ದೆ, ಯಾರಾದರೂ ಕೈ ಹಾಕಿದರೆ ಮಕ್ಕಳು ಹೆದರದೆ ಮನೆಯಲ್ಲಿ ಹೇಳುವುದು, 1098ಕ್ಕೆ ಫೋನು ಮಾಡುವುದು, ಎಲ್ಲ ಹೇಳಿದರು. ನಾನು ವಾರಗಟ್ಟಲೆ ಒದ್ದೆ ಸೌದೆಯ ಒಲೆಯ ಹಾಗೆ ಹೊಗೆ ಮಾತ್ರ ಎಬ್ಬಿಸಿದ್ದ ವಿಷಯ ಅವರ ಬಾಯಲ್ಲಿ ಎರಡು ಲೋಟ ಕಾಫಿಯ ಹೊತ್ತಿನಲ್ಲಿ ಮುಗಿದು ಹೋಯಿತು.

ನಡುವೆ ನನ್ನ ಮಗನ ದನಿ ಕೇಳಿತು. "ಅಕ್ಕ, ನನ್ನ ದನಿ ಒಡೆದುಬಿಟ್ಟಿದೆ. ಇದು ಯಾವಾಗ ಸರಿ ಹೋಗುತ್ತೆ? ಅಪ್ಪ ದಿನಾ ಮೆಣಸಿನ ಕಷಾಯ ಕುಡಿಸ್ತಾರೆ." ಜಗಲಿ ಪೂರ್ತಿ ಅಡಿಗೆಮನೆಯ ಕಡೆ ತಿರುಗಿತು. ನಾನು ಹಾಲು ಉಕ್ಕಿತು ಅಂತ ಒಲೆಯ ಮೇಲೆ ಬಗ್ಗಿದೆ. ಗಂಟಲ ಧ್ವನಿಪೆಟ್ಟಿಗೆ ಬೆಳೆಯುವ ವಯಸ್ಸು, ಅದು ಶೀತ ಅಲ್ಲ, ಎಂಟನೇ ಕ್ಲಾಸಿನ ವಿಜ್ಞಾನದಲ್ಲೇ ಇದೆಯಲ್ಲ ಅಂತ ಆಶಾ ಅಕ್ಕ ಅಂದರು. "ಇದೆ, ಆದ್ರೆ ಅಪ್ಪಂಗೆ ಗೊತ್ತಿಲ್ವಲ್ಲ" ಅಂದ ಮಗ. ಒಳ್ಳೇ ಜಾತಿ ಕಾಳುಮೆಣಸು, ಆ ರೇಟಿನಲ್ಲಿ!

ಮಗಳು ಸುಮ್ಮನಿರುತ್ತಾಳಾ? ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಬಿಸಿಬಿಸಿ ಇತ್ತು. ತಾಯಿಯಿಂದ ಯಾವಾಗಲೂ ಎಕ್ಸ್ ಕ್ರೋಮೋಸೋಮೇ ಬರುವುದು, ಅಪ್ಪನಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು ಅಂತ ವಿವರಿಸಿದಳು. ಜಗಲಿ ನಿಶ್ಶಬ್ದವಾಯಿತು. ನನಗೆ ಸಾಲಾಗಿ ಅಕ್ಕಂದಿರು. ಒಬ್ಬೊಬ್ಬಳು ಹುಟ್ಟಿದಾಗಲೂ ಅಮ್ಮ ಅತ್ತೆಯ ಕೈಲಿ ಏನೇನು ಅನ್ನಿಸಿಕೊಂಡಿದ್ದಳು ಅಂತ ನಮಗೆಲ್ಲ ಗೊತ್ತು.

"ಇನ್ನೊಂದ್ಸಲ ಹೇಳು ಮಗಾ" ಅಂದಳು. ಮಗಳು ಹೇಳಿದಳು. ಅಮ್ಮ ಎದ್ದು ಹಜಾರಕ್ಕೆ ಹೋಗಿ, ಗಂಧದ ಹಾರ ಹಾಕಿದ್ದ ಅಪ್ಪನ ಫೋಟೋ ಮುಂದೆ ನಿಂತು "ಕೇಳಿಸ್ತಾ?" ಅಂದಳು. ಆ ವಾರ ಅಪ್ಪನ ಫೋಟೋಕ್ಕೆ ಹೂವಿಲ್ಲ.

ಮುಂದಿನ ಪೋಷಕರ ಸಭೆಯಲ್ಲಿ ಪ್ರತಿನಿಧಿಯಾಗಿ ಮಾತಾಡಿದ್ದು ಅಮ್ಮ. ಕ್ರೋಮೋಸೋಮನ್ನು ಅವಳು 'ಕೊರಮಸೋಮ' ಅಂದರೂ ಹಿಂದಿನ ಬೆಂಚಿನ ಒಬ್ಬರೂ ಹೆಂಚು ಎಣಿಸಲಿಲ್ಲವಂತೆ. ನಾನು ನೋಡಲಿಲ್ಲ, ಜೀಪಿನ ಡ್ರೈವರಾಗಿ ಹೊರಗಿದ್ದೆ.

ನನ್ನಿಂದಲೂ ಊರಿಗೆ ಒಂದು ಉಪಕಾರ ಆಗಿದೆ. ಈಗ ಯಾವ ಗಂಡಸೂ ಅಂಗಡಿಯಲ್ಲಿ ಹಗ್ಗ, ಪಾಷಾಣ ಕೊಳ್ಳುತ್ತಾ ಹೊತ್ತು ಕಳೆಯುವುದಿಲ್ಲ. ನೇರ ಹೋಗಿ "ಒಂದು ಬ್ರೆಡ್ಡು" ಅನ್ನುತ್ತಾರೆ. "ದೊಡ್ಡದಾ ಸಣ್ಣದಾ?" ಅಂತ ಅಂಗಡಿಯವರೂ ಮುಖ ನೋಡಿಯೇ ಕೇಳುತ್ತಾರೆ. ವ್ಯಾಪಾರ ಸಲೀಸು. ಕಳೆದ ತಿಂಗಳು ನನಗೆ ನಿಜವಾಗಿ ಜ್ವರ ಬಂದು, ಬಾಯಿಗೆ ಏನೂ ರುಚಿಸದೆ, ರೈಟ್ರ ಕೈಲಿ ಬ್ರೆಡ್ಡು ತರಿಸಿದೆ. ಕಪ್ಪು ಕವರು ಬಂತು. ಅಮ್ಮ ಬಿಚ್ಚಿ ನೋಡಿ, ನನ್ನ ಹಣೆ ಮುಟ್ಟಿ ನೋಡಿ, ಅಡಿಗೆಮನೆಯ ಕಡೆ ತಿರುಗಿ ಕೂಗಿದಳು:

"ಹಾಲು ಬಿಸಿ ಮಾಡೇ, ಇವ್ನು ಅದ್ದಿ ತಿಂತಾನಂತೆ."