ಗುಂಡನ ಪತ್ರಿಕಾ ವ್ಯಾಸಂಗ

ದೀಪಾವಳಿಯವರೆಗೆ ನಮ್ಮ ಗುಂಡ ಮರ್ಯಾದಸ್ಥನಾಗಿದ್ದ. ಮೂರು ತಿಂಗಳ ಬೀದಿನಾಯಿ ಮರಿ. ಒಂದಕ್ಕೆ ಬಂದರೆ ಬಾಗಿಲ ಹತ್ತಿರ ನಿಂತು ಕುಂಯ್‌ಗುಡುತ್ತಿದ್ದ. ತೆಗೆದರೆ ನೇರ ಕರಿಬೇವಿನ ಬುಡಕ್ಕೆ ಓಡುತ್ತಿದ್ದ. ಆ ಗಿಡದ ಸೊಪ್ಪನ್ನು ಒಗ್ಗರಣೆಗೆ ಹಾಕುವುದನ್ನು ಅಮ್ಮ ಅಂದೇ ನಿಲ್ಲಿಸಿದಳು ಅನ್ನಿ.

ಪಟಾಕಿಗೆ ಸುಪ್ರೀಂ ಕೋರ್ಟು 2018ರಲ್ಲಿ ರಾತ್ರಿ ಎಂಟರಿಂದ ಹತ್ತು ಎಂದು ಹೊತ್ತು ಗೊತ್ತುಮಾಡಿತಷ್ಟೆ. ಗುಂಡನ ಊಟವೂ ಎಂಟಕ್ಕೇ. ಉಂಡು ಕಾಲು ಗಂಟೆ ಕಳೆಯುವುದರೊಳಗೆ ಮರಿಗಳಿಗೆ ಹೊರಗೆ ಹೋಗಲೇಬೇಕು. ಅವನು ಹೋಗಿ ಕುಕ್ಕರಿಸಿದ, ಪಕ್ಕದ ಬೀದಿಯವರು ಸರಪಟಾಕಿಗೆ ಬೆಂಕಿ ಇಟ್ಟರು. ಮಂಚದ ಕೆಳಗೆ ಸೇರಿಕೊಂಡವನಿಗೆ ಅಲ್ಲಿಂದಾಚೆ ಹಿತ್ತಲೆಂದರೆ ಆಗದು.

ಹಿತ್ತಲು ಮರೆತವನು ಅದಕ್ಕೂ ಹಿಂದಿನ ಪಾಠವನ್ನು ಮರೆತಿರಲಿಲ್ಲ. ಪಾರ್ವೊ ಭಯ, ಚುಚ್ಚುಮದ್ದುಗಳೆಲ್ಲ ಮುಗಿಯದೆ ಹೊರಗೆ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಮೊದಮೊದಲು ನೆಲಕ್ಕೆ ನ್ಯೂಸ್‌ಪೇಪರ್ ಹಾಸಿ ಕಲಿಸಿದ್ದೆವು. ನಮ್ಮಂಥವರ ಮನೆಯಲ್ಲಿ ಪೇಪರ್ ಹಾಸದೆ ನಡೆಯುವ ಕೆಲಸ ಯಾವುದಿದೆ? ಸೊಪ್ಪು ಬಿಡಿಸಲು ಪೇಪರು, ಉಗುರು ಕತ್ತರಿಸಲು ಪೇಪರು, ಮಗಳ ಬಣ್ಣದ ಡಬ್ಬಿಗಳ ಕೆಳಗೂ ಪೇಪರು. ಆ ಸಲದ ಮೊದಲ ಅವರೆಕಾಯಿ ತಂದಿದ್ದೆ. ಅಮ್ಮ ಪೇಪರಿನ ಮೇಲೆ ರಾಶಿ ಸುರಿದು, ಕಾಲು ಚಾಚಿ, ಫೋನಿನಲ್ಲಿ ಚಿಕ್ಕಮ್ಮನ ಸೊಸೆಯ ಗುಣಗಾನ ಮಾಡುತ್ತ ಸುಲಿಯುತ್ತಿದ್ದಳು. ಗುಂಡ ಬಂದ, ಹಾಸಿದ್ದನ್ನು ನೋಡಿದ, ಓದಿದ್ದೆಲ್ಲ ನೆನಪಿಗೆ ಬಂತು. ಹಿತಕಿದ ಬೇಳೆ ಸಾರಾಗಬೇಕಿದ್ದದ್ದು ಅವತ್ತು ಬರೀ ತೊವ್ವೆಯಾಯಿತು.

ಅಮ್ಮ ಆ ಜಾಗಕ್ಕೆ ಗಂಜಳ ಚಿಮುಕಿಸಿ ಶುದ್ಧಿ ಮಾಡಿದಳು. ಗುಂಡ ಮೂಸಿ ನೋಡಿ, ಯಾರೋ ಹಿರಿಯರು ಮೇಲ್ಪಂಕ್ತಿ ಹಾಕಿಕೊಟ್ಟಿದ್ದಾರೆಂದು ತಿಳಿದು ಅಲ್ಲೇ ಮುಂದುವರಿಸಿದ.

ಎದುರು ಮನೆಯ ನಿವೃತ್ತರು “ಮೂತಿ ಹಿಡಿದು ಅದರಲ್ಲೇ ಉಜ್ಜಿ ಸಾರ್, ಬುದ್ಧಿ ಬರುತ್ತೆ” ಅಂದರು. ಡಾಕ್ಟರು ಅದನ್ನು ಕೇಳಿ ತಲೆ ಚಚ್ಚಿಕೊಂಡರು. ಹಾಗೆ ಮಾಡಿದರೆ ಬರುವ ಬುದ್ಧಿ ಒಂದೇ, ಸೋಫಾದ ಹಿಂದೆ ಕದ್ದು ಮಾಡುವುದು. ಮೊದಲು ಮೂತ್ರ ಪರೀಕ್ಷೆ ಮಾಡಿಸಿದರು. ಕಲಿತ ಮರಿ ಇದ್ದಕ್ಕಿದ್ದಂತೆ ಕೆಟ್ಟರೆ ಸೋಂಕೂ ಇರಬಹುದಂತೆ. ಇರಲಿಲ್ಲ. ಹಾಗಾದರೆ ಒಂದನೇ ಕ್ಲಾಸಿನಿಂದ ಶುರು ಮಾಡಿ ಅಂದರು. ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ ಹೊರಗೆ ಒಯ್ಯಬೇಕು. ಒರೆಸಲು ಕಿಣ್ವ ಇರುವ ಕ್ಲೀನರ್ ಬೇಕು. ಅಮೋನಿಯಾ ವಾಸನೆಯದು ಬೇಡ, ನಾಯಿಗೆ ಅದೂ ಮೂತ್ರದಂತೆಯೇ ಕಾಣುತ್ತದೆ. ಪೇಪರನ್ನು ದಿನಕ್ಕಿಷ್ಟು ಬಾಗಿಲ ಕಡೆ ಸರಿಸುತ್ತ ಹಿತ್ತಲಿಗೆ ದಾಟಿಸಬೇಕು. ಸರಿಯಾದ ಜಾಗದಲ್ಲಿ ಮಾಡಿದರೆ ಆ ಕ್ಷಣವೇ ಬಹುಮಾನ. ಪಾವ್ಲಾವ್‌ಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ನಾಯಿಯ ಜೊಲ್ಲು ನೋಡುತ್ತ ಕೂತ ಪುಣ್ಯಾತ್ಮ ಇನ್ನೊಂದು ತುದಿಯ ಕಡೆಗೂ ಸ್ವಲ್ಪ ಗಮನ ಕೊಡಬಾರದಿತ್ತೆ?

ಪೇಪರಿನ ಪ್ರಯಾಣ ಹೊರಟಿತು. ಗುರುವಾರದ ಪೇಪರು ಕೂಡದು, ರಾಯರ ಫೋಟೋ ಇರುತ್ತೆ ಎಂದು ಅಮ್ಮ ಪುಟ ಪುಟವನ್ನೂ ಸೆನ್ಸಾರ್ ಮಾಡಿದಳು. ಭವಿಷ್ಯದ ಪುಟವೂ ನಿಷಿದ್ಧ. ಉಳಿದದ್ದು ಷೇರುಪೇಟೆ ಮತ್ತು ಟೆಂಡರ್ ಪ್ರಕಟಣೆ. ರಾತ್ರಿ ಮಂಕಿ ಕ್ಯಾಪು ಹಾಕಿಕೊಂಡು, ಹಿತ್ತಲಿನಲ್ಲಿ ಟೆಂಡರ್ ಪ್ರಕಟಣೆಯ ಮೇಲೆ ಕಲ್ಲಿಟ್ಟು, “ಒಂದ ಮಾಡು ಮರಿ, ಜಾಣ ಅಲ್ವಾ” ಎಂದು ನಾನು ಗೋಗರೆಯುತ್ತಿದ್ದೆ. ಗೋಡೆಗೋಡೆಗೂ ದೇವರ ಟೈಲ್ಸ್ ಅಂಟಿಸಿ ಬೇಡವೆಂದರೂ ಮಾಡುವವರು ಇರುವ ದೇಶದಲ್ಲಿ, ಒಬ್ಬನಿಗೆ ಮಾಡಪ್ಪಾ ಎಂದು ಕೈ ಮುಗಿಯುವ ಪಾಳಿ ನನ್ನದು. “ಸಿಕ್ಕಾಪಟ್ಟೆ ಮುದ್ದಾಟ ಆಯ್ತು, ರೀ. ಅದು ನಿಮ್ಮನ್ನ ನೋಡಿ ನಾಚಿಕೊಳ್ಳುತ್ತೆ, ಆ ಕಡೆ ತಿರುಗಿ,” ಎಂದು ಹೆಂಡತಿ ಕಿಟಕಿಯಿಂದ ಹೇಳಿದಳು. ತಿರುಗಿದೆ. ಮಾಡಿದ!

ಈಗ ಗುಂಡ ಪಾಸು. ಪೇಪರು ಬೇಕು, ಅದು ಮನೆಯ ಹೊರಗಿರಬೇಕು, ಎರಡೂ ಅವನಿಗೆ ಬಾಯಿಪಾಠ. ಬೆಳಗ್ಗೆ ಪೇಪರಿನ ಹುಡುಗ ಗೇಟಿನಾಚೆಯಿಂದ ಅಂದಿನ ಸಂಚಿಕೆಯನ್ನು ಅಂಗಳಕ್ಕೆ ಎಸೆಯುವುದೂ, ಎಚ್ಚರಾದ ಗುಂಡನನ್ನು ನಾವು ಹೊರಗೆ ಬಿಡುವುದೂ ಒಂದೇ ಹೊತ್ತಿಗೆ. ಸರಿಯಾದ ಜಾಗ, ಸರಿಯಾದ ವಸ್ತು. ತಪ್ಪು ಹುಡುಕಲು ಬರುವಂತಿಲ್ಲ. ಡಾಕ್ಟರು ಹೇಳಿದ್ದಾರಲ್ಲ, ಅಮ್ಮ ಆ ಕ್ಷಣವೇ ಬಿಸ್ಕತ್ತು ಕೊಡುತ್ತಾಳೆ. ನಾನು ಪೇಪರ್ ಓದಲು ಎದುರು ಮನೆಗೆ ಹೋಗುತ್ತೇನೆ.